ಹನ್ನೆರಡು ಅಕ್ಷರದೊಳಗೆ ಒಂದು ಒಳ್ಳೆ ಹೆಸರು: ಆನ್‌ಲೈನ್ ಆಟದ ಪಾತ್ರಕ್ಕೆ ಹೆಸರಿಡುವುದು ಹೇಗೆ?

ಆಟ ಡೌನ್‌ಲೋಡ್ ಆಗಲಿ ಎಂದು ರಾತ್ರಿಯಿಡೀ ವೈಫೈ ಆನ್ ಇಟ್ಟು ಕಾಯುತ್ತಾರೆ. ಪಾತ್ರದ ಕೂದಲು, ಮೀಸೆ, ಅಂಗಿಯ ಬಣ್ಣವನ್ನು ಅರ್ಧ ಗಂಟೆ ಕೂತು ತಿದ್ದುತ್ತಾರೆ. ಕೊನೆಗೆ ಹೆಸರು ಕೇಳುವ ಖಾಲಿ ಜಾಗ ಬಂದಾಗ ಮಾತ್ರ ಎಲ್ಲಿಲ್ಲದ ಅವಸರ. ಸ್ವಂತ ಹೆಸರು, ಹುಟ್ಟಿದ ಇಸವಿ, ಹಿಂದೆ ಮುಂದೆ ಎರಡು ಎಕ್ಸ್ ಹಾಕಿ ಒಳಗೆ ನುಗ್ಗುತ್ತಾರೆ. ತಿಂಗಳು ಕಳೆದ ಮೇಲೆ ‘ಅಣ್ಣಾ, ಈ ಹೆಸ್ರು ಚೇಂಜ್ ಮಾಡೋದು ಹೆಂಗೆ?’ ಎಂದು ಕೇಳಿಕೊಂಡು ಬರುತ್ತಾರೆ. ನಮ್ಮ ಮನೆಯ ಹುಡುಗರಿಂದ ಹಿಡಿದು ಆಫೀಸಿನ ಗೆಳೆಯರವರೆಗೆ ಇದನ್ನೇ ನೋಡಿ ಸಾಕಾಗಿ ಈ ಲೇಖನ ಬರೆಯುತ್ತಿದ್ದೇನೆ.

ಹಂತ 1: ಯಾವ ಹೆಸರು ಕೇಳುತ್ತಿದ್ದಾರೆ ಎಂದು ಮೊದಲು ನೋಡಿ

ಲಾಗಿನ್ ಹೆಸರು, ಬೇರೆಯವರಿಗೆ ಕಾಣುವ ಹೆಸರು, ಪಾತ್ರದ ಹೆಸರು, ಈ ಮೂರೂ ಬೇರೆ ಬೇರೆ ಇರಬಹುದು. ರೋಬ್ಲಾಕ್ಸ್‌ನಲ್ಲಿ ಯೂಸರ್‌ನೇಮ್ ಒಂದು, 2021ರಲ್ಲಿ ಬಂದ ಡಿಸ್‌ಪ್ಲೇ ನೇಮ್ ಇನ್ನೊಂದು. ಡಿಸ್‌ಪ್ಲೇ ನೇಮನ್ನು ಏಳು ದಿನಕ್ಕೊಮ್ಮೆ ಪುಕ್ಕಟೆ ಬದಲಾಯಿಸಬಹುದು. ಯೂಸರ್‌ನೇಮ್ ಬದಲಾಯಿಸಲು 1000 ರೋಬಕ್ಸ್ (ದುಡ್ಡು ಕೊಟ್ಟು ಕೊಳ್ಳುವ ಆ ಆಟದ ನಾಣ್ಯ) ತೆರಬೇಕು. ಎಲ್ಲಿ ಬದಲಾವಣೆಗೆ ದುಡ್ಡು ಬೀಳುತ್ತದೋ ಅಲ್ಲಿ ತಲೆ ಓಡಿಸಿ, ಉಳಿದ ಕಡೆ ಮಜಾ ಮಾಡಿ.

ಹಂತ 2: ಅಳತೆ ತಿಳಿದುಕೊಳ್ಳಿ

ವರ್ಲ್ಡ್ ಆಫ್ ವಾರ್‌ಕ್ರಾಫ್ಟ್‌ನಲ್ಲಿ ಪಾತ್ರದ ಹೆಸರು 2ರಿಂದ 12 ಅಕ್ಷರ. ಅಂಕಿ ಇಲ್ಲ, ನಡುವೆ ಜಾಗ ಬಿಡುವಂತಿಲ್ಲ, ಒಂದೇ ಅಕ್ಷರ ಸತತ ಮೂರು ಸಲ ಬರುವಂತಿಲ್ಲ. ಮೈನ್‌ಕ್ರಾಫ್ಟ್‌ನಲ್ಲಿ 3ರಿಂದ 16. ಇಂಗ್ಲಿಷ್ ಅಕ್ಷರ, ಅಂಕಿ, ಅಂಡರ್‌ಸ್ಕೋರ್ ಬಿಟ್ಟು ಬೇರೇನೂ ನಡೆಯದು. ಫೈನಲ್ ಫ್ಯಾಂಟಸಿ 14ರಲ್ಲಿ ಮೊದಲ ಹೆಸರು, ಕೊನೆಯ ಹೆಸರು ಎರಡೂ ಬೇಕು. ಒಂದೊಂದೂ 15ರ ಒಳಗೆ, ಎರಡೂ ಕೂಡಿ 20 ಮೀರಬಾರದು. ಸಂಗೊಳ್ಳಿ ರಾಯಣ್ಣ ಎಂಬುದು ಇಂಗ್ಲಿಷಿನಲ್ಲಿ 8 ಮತ್ತು 7, ಒಟ್ಟು 15. ಫೈನಲ್ ಫ್ಯಾಂಟಸಿಯಲ್ಲಿ ಆರಾಮಾಗಿ ಹಿಡಿಸುತ್ತದೆ, ವಾರ್‌ಕ್ರಾಫ್ಟ್‌ನಲ್ಲಿ ಹಿಡಿಸುವುದಿಲ್ಲ. ಅಲ್ಲಿಗೆ ಮಯೂರವರ್ಮ ಸರಿ: 11.

ಹಂತ 3: ಪದ ಹುಡುಕಿ

ಇದು ಸುಲಭ. ಪ್ರಾಣಿ, ಪಕ್ಷಿ, ಮಳೆ, ಗಾಳಿ, ಮರದ ಹೆಸರುಗಳನ್ನು ತಡಕಾಡಿ. ಡ್ರ್ಯಾಗನ್, ಡೆವಿಲ್, ಕಿಂಗ್, ಕಿಲ್ಲರ್ ಎಲ್ಲ ಯಾವತ್ತೋ ಖರ್ಚಾಗಿವೆ. ಬಿರುಗಾಳಿ, ಮಿಂಚುಳ್ಳಿ, ಕಾಡುಕೋಣ, ಮರಕುಟಿಗ ಇವು ಹೆಚ್ಚಿನ ಸರ್ವರ್‌ಗಳಲ್ಲಿ ಇನ್ನೂ ಖಾಲಿ ಇರುತ್ತವೆ. ಕನ್ನಡದವರಿಗೆ ಇರುವ ದೊಡ್ಡ ಲಾಭ ಇದೇ, ಆದರೆ ಬಳಸಿಕೊಳ್ಳುವವರು ಕಡಿಮೆ.

ದೇವರ ಹೆಸರು ಮಾತ್ರ ಬೇಡ. ಪ್ರಮುಖ ಧರ್ಮಗಳ ಪೂಜ್ಯರ ಹೆಸರು ಇಡಬಾರದು ಎಂದು ವಾರ್‌ಕ್ರಾಫ್ಟ್‌ನಂಥ ಆಟಗಳ ನಿಯಮದಲ್ಲೇ ಇತ್ತು. ನಮ್ಮಲ್ಲಿ ಮಂಜುನಾಥ, ವೆಂಕಟೇಶ ಎಂದರೆ ಪಕ್ಕದ ಮನೆಯವರು, ಅದು ಬೇರೆ ಮಾತು. ನಿಯಮ ಪಕ್ಕಕ್ಕಿಡಿ. ಪರದೆಯ ಮೂಲೆಯಲ್ಲಿ ಯಾರು ಯಾರನ್ನು ಕೊಂದರು ಎಂಬ ಸಾಲು ಓಡುತ್ತದಲ್ಲ, ಅಲ್ಲಿ ಆಂಜನೇಯನನ್ನು ಯಾವನೋ ಬಾಣಲೆಯಿಂದ ಬಡಿದು ಕೊಂದ ಎಂದು ಬಂದರೆ ನೋಡುವುದಕ್ಕೂ ಚೆನ್ನಾಗಿರುವುದಿಲ್ಲ.

ಹಂತ 4: ಇಂಗ್ಲಿಷ್ ಅಕ್ಷರಕ್ಕೆ ಇಳಿಸುವುದು

ಎಲ್ಲರೂ ಎಡವುವುದು ಇಲ್ಲೇ, ಹಾಗಾಗಿ ನಿಧಾನಕ್ಕೆ ಓದಿ.

ನೇರ ಕನ್ನಡದಲ್ಲೇ ಬರೆದರಾಯಿತಲ್ಲ ಎನ್ನುವವರಿಗೆ ಮೊದಲು ಉತ್ತರ. ಬಹಳ ಆಟಗಳು ಕನ್ನಡ ಲಿಪಿಯನ್ನು ಒಪ್ಪುವುದೇ ಇಲ್ಲ. 2019ರಲ್ಲಿ ಎಕ್ಸ್‌ಬಾಕ್ಸ್ ತನ್ನ ಗೇಮರ್‌ಟ್ಯಾಗ್ (ಅಲ್ಲಿ ಆಟಗಾರನಿಗಿರುವ ಹೆಸರು) ಪದ್ಧತಿ ಬದಲಿಸಿದಾಗ ದೇವನಾಗರಿಗೆ, ಬಂಗಾಳಿಗೆ ಜಾಗ ಸಿಕ್ಕಿತು, ಕನ್ನಡಕ್ಕೆ ಸಿಗಲಿಲ್ಲ. ಒಪ್ಪುವ ಆಟಗಳಲ್ಲೂ ತೊಂದರೆ ತಪ್ಪಿದ್ದಲ್ಲ. ‘ರಾಯಣ್ಣ’ ನಮ್ಮ ಕಣ್ಣಿಗೆ ಮೂರು ಅಕ್ಷರ. ಕಂಪ್ಯೂಟರ್ ಅದನ್ನು ರ, ಆಕಾರದ ದೀರ್ಘ, ಯ, ಣ, ಅರ್ಧಾಕ್ಷರದ ಚಿಹ್ನೆ, ಮತ್ತೆ ಣ ಎಂದು ಆರಾಗಿ ಎಣಿಸುತ್ತದೆ. ‘ಸ್ತ್ರೀ’ ಎಂಬ ಒಂದೇ ಅಕ್ಷರವೂ ಅದಕ್ಕೆ ಆರೇ. ಸಾಲದ್ದಕ್ಕೆ, ಇದರಲ್ಲಿ ಒಂದೊಂದೂ ಯುಟಿಎಫ್-8ರಲ್ಲಿ (ಕಂಪ್ಯೂಟರ್ ಅಕ್ಷರಗಳನ್ನು ಕೂಡಿಡುವ ಒಂದು ಪದ್ಧತಿ) ಮೂರು ಬೈಟ್ ಜಾಗ ತಿನ್ನುತ್ತದೆ. ಅಳತೆಯನ್ನು ಬೈಟ್ ಲೆಕ್ಕದಲ್ಲಿ ಇಟ್ಟ ಆಟದಲ್ಲಿ ರಾಯಣ್ಣನಿಗೆ 18 ಬೇಕು. ಅದೂ ಹಿಡಿಸಿತು ಅಂದುಕೊಳ್ಳಿ. ಒತ್ತಕ್ಷರ ಜೋಡಿಸಲು ಬಾರದ ಆಟದಲ್ಲಿ ಅದು ‘ರಾಯಣ್‌ಣ’ ಆಗಿ ಕಾಣುತ್ತದೆ, ‘ವರ್ಮ’ ಹೋಗಿ ‘ವರ್‌ಮ’ ಆಗುತ್ತದೆ. ಇದಕ್ಕಿಂತ ಇಂಗ್ಲಿಷ್ ಅಕ್ಷರವೇ ವಾಸಿ. ಕನ್ನಡದಲ್ಲೇ ಇರಲೇಬೇಕು ಎಂದಾದರೆ ಒತ್ತಿಲ್ಲದ ಪದ ಹುಡುಕಿ. ಗುಡುಗು, ಸಿಡಿಲು ಎಲ್ಲಿ ಹಾಕಿದರೂ ಮುರಿಯುವುದು ಕಡಿಮೆ.

ಈಗ ಇಂಗ್ಲಿಷಿಗೆ ಬರೋಣ. ದೀರ್ಘ ಬಂದ ಕಡೆಯೆಲ್ಲ ಅಕ್ಷರ ಎರಡೆರಡು ಹಾಕುವ ಚಟ ಬಿಡಿ. ಕಾಡುಕೋಣನಿಗೆ ಎರಡೆರಡು ಎ, ಎರಡೆರಡು ಓ ಹಾಕಿದರೆ ಹತ್ತು ಅಕ್ಷರವಾಗುತ್ತದೆ. ಓದುವವನೋ ಎರಡು ಓ ಕಂಡ ತಕ್ಷಣ ‘ಊ’ ಎಂದು ಎಳೆದು ‘ಕಾಡುಕೂನಾ’ ಎನ್ನುತ್ತಾನೆ. ಒಂಟಿ ಅಕ್ಷರದಲ್ಲಿ ಬರೆಯಿರಿ, ಎಂಟಕ್ಕೆ ಮುಗಿಯುತ್ತದೆ, ಓದೂ ಹತ್ತಿರಕ್ಕೆ ಬರುತ್ತದೆ. ಆದರೆ ಒಂಟಿ ಮಾಡಿದಾಗ ಪದ ಇನ್ನೊಂದಾಗುತ್ತದೆಯೇ ನೋಡಿಕೊಳ್ಳಿ. ಕಾಳಿಂಗ ಎಂದು ನೀವು ಬರೆದಿದ್ದನ್ನು ಜನ ಕಲಿಂಗ ಎಂದು ಓದಿ, ‘ಒಡಿಶಾದವರಾ?’ ಎಂದು ಕೇಳುತ್ತಾರೆ. ಳ, ಣಗಳಿಗೆ ಇಂಗ್ಲಿಷಿನಲ್ಲಿ ದಾರಿಯಿಲ್ಲ. ಅವುಗಳ ಮೇಲೇ ನಿಂತಿರುವ ಪದವನ್ನು ಬಿಟ್ಟುಬಿಡಿ, ಒತ್ತಾಗಿ ಬಂದಿದ್ದರೆ ಚಿಂತೆಯಿಲ್ಲ. ಮಿಂಚುಳ್ಳಿಯನ್ನು ಜನ ‘ಮಿಂಚುಲ್ಲಿ’ ಎಂದರೂ ಹಕ್ಕಿ ಹಾರುತ್ತದೆ.

ಕೊನೆಯ ಅಕ್ಷರವೂ ಮುಖ್ಯ. ‘ಅ’ದಲ್ಲಿ ಮುಗಿಯುವ ಹೆಸರನ್ನು ಹಿಂದಿಯವರು ಕತ್ತರಿಸುತ್ತಾರೆ, ಹೊರದೇಶದವರು ಎಳೆಯುತ್ತಾರೆ. ‘ಇ’ ಅಥವಾ ‘ಉ’ದಲ್ಲಿ ಮುಗಿದರೆ ಎಲ್ಲರ ಬಾಯಲ್ಲೂ ಸರಿಸುಮಾರು ಒಂದೇ. ನನ್ನ ಮಟ್ಟಿಗೆ ಬಿರುಗಾಳಿ, ಗುಡುಗು ಈ ಪರೀಕ್ಷೆಯಲ್ಲಿ ಫಸ್ಟ್ ಕ್ಲಾಸ್, ಮರಕುಟಿಗ ಜಸ್ಟ್ ಪಾಸ್.

ನಾಲ್ಕು ಜನರ ತಂಡದಲ್ಲಿ ಮೈಕ್ ಹಾಕಿ ಆಡುವವರಾದರೆ ಹೆಸರನ್ನು ಕೂಗಿ ನೋಡಿ. ‘ಗುಡುಗು, ಎಡಕ್ಕೆ ಬಾ’ ಎನ್ನಲು ಒಂದು ಉಸಿರು ಸಾಕು. ‘ಮಯೂರವರ್ಮ, ಹಿಂದೆ ನೋಡು’ ಎನ್ನುವಷ್ಟರಲ್ಲಿ ಮಯೂರವರ್ಮ ಮೋಕ್ಷ ಕಂಡಿರುತ್ತಾನೆ. ಉದ್ದ ಹೆಸರಿಟ್ಟರೆ ತಂಡದವರೇ ಮೊಟಕು ಮಾಡುತ್ತಾರೆ, ಮತ್ತು ಮೊಟಕು ಮಾಡಿದ ಹೆಸರು ನಿಮಗೆ ಇಷ್ಟವಾಗುವ ಭರವಸೆ ಇಲ್ಲ.

ಹಂತ 5: ಜರಡಿ ದಾಟಿಸುವುದು

ಎಲ್ಲ ಸರಿಮಾಡಿ ಒತ್ತಿದಾಗ ‘ಈ ಹೆಸರಿಗೆ ಅವಕಾಶವಿಲ್ಲ’ ಎಂದು ಬರುತ್ತದೆ. ಕಾರಣವನ್ನೂ ಹೇಳುವುದಿಲ್ಲ. ಬೈಗುಳ ಹಿಡಿಯಲು ಇಟ್ಟ ಜರಡಿ ಕೆಲಸ ಮಾಡುವುದು ಹೀಗೆ: ಕೆಟ್ಟ ಪದಗಳ ಒಂದು ಪಟ್ಟಿ, ನಿಮ್ಮ ಹೆಸರಿನೊಳಗೆ ಅವುಗಳಲ್ಲಿ ಯಾವುದಾದರೂ ಅಡಗಿದೆಯೇ ಎಂದು ಹುಡುಕಾಟ. 1996ರಲ್ಲಿ ಅಮೆರಿಕದ ಎಒಎಲ್ ಕಂಪನಿಯ ಇಂಥ ಜರಡಿ ಇಂಗ್ಲೆಂಡಿನ ಸ್ಕನ್‌ಥಾರ್ಪ್ ಊರಿನವರಿಗೆ ಅಕೌಂಟ್ ತೆರೆಯಲು ಬಿಡಲಿಲ್ಲ, ಯಾಕೆಂದರೆ ಊರಿನ ಹೆಸರಿನ ನಡುವೆ ಒಂದು ಅಶ್ಲೀಲ ಪದದ ನಾಲ್ಕು ಅಕ್ಷರಗಳು ಸಾಲಾಗಿ ಕೂತಿವೆ. ಅಂದಿನಿಂದ ಈ ಪೀಡೆಗೆ ಆ ಊರಿನದೇ ಹೆಸರು.

ನಮ್ಮಲ್ಲಿ ಇದರ ಬಲಿಪಶುಗಳು ರಕ್ಷಿತ್, ಹರ್ಷಿತಾ, ದೀಕ್ಷಿತ್. ಇಂಗ್ಲಿಷಿನಲ್ಲಿ ಬರೆದು ನೋಡಿ, ಎಸ್, ಎಚ್, ಐ, ಟಿ ಒಟ್ಟಿಗೆ ನಿಂತಿರುತ್ತವೆ. ಕೊನೆಗೆ ಇನ್ನೊಂದು ಎಚ್ ಸೇರಿಸಿದರೂ ಉಪಯೋಗವಿಲ್ಲ, ಒಳಗಿನ ನಾಲ್ಕು ಹಾಗೇ ಉಳಿಯುತ್ತವೆ. ‘ಕ್ಷ’ಕ್ಕೆ ಎಕ್ಸ್ ಹಾಕಿ. ಎಷ್ಟೋ ದೀಕ್ಷಿತರು ಬ್ಯಾಂಕ್ ಪಾಸ್‌ಬುಕ್ಕಿನಲ್ಲೇ ಹಾಗೆ ಬರೆಯುತ್ತಾರೆ, ರಕ್ಷಿತ್‌ಗೂ ಅದು ಹೊಂದುತ್ತದೆ. ಹರ್ಷಿತಾಗೆ ಈ ದಾರಿಯಿಲ್ಲ. ಹರ್ಷ ಎಂದಿಟ್ಟುಕೊಳ್ಳುವುದು ಕ್ಷೇಮ. ಊರಭಿಮಾನಿಗಳಲ್ಲಿ ಹಾಸನದವರಿಗೆ ಕಷ್ಟ. ಸರ್ಕಾರಿ ಇಂಗ್ಲಿಷಿನಲ್ಲಿ ಎರಡು ಎಸ್ ಇದೆ, ಅದರ ಹಿಂದಿನ ಎ ಜತೆ ಸೇರಿದರೆ ಜರಡಿಗೆ ಸಾಕು. ಒಂದು ಎಸ್ ತೆಗೆಯಿರಿ, ಉಚ್ಚಾರಣೆಯೂ ನಮ್ಮದಕ್ಕೆ ಹತ್ತಿರವಾಗುತ್ತದೆ. ಫಕೀರಪ್ಪನನ್ನು ಜರಡಿ ಬಿಟ್ಟರೂ ಎದುರಿನವನು ಅನುಮಾನದಿಂದ ನೋಡಿ ರಿಪೋರ್ಟ್ ಒತ್ತಬಹುದು. ವಾರ್‌ಕ್ರಾಫ್ಟ್‌ನಂಥ ಆಟದಲ್ಲಿ ದೂರು ಸರಿ ಎನಿಸಿದರೆ, ಮುಂದಿನ ಸಲ ಲಾಗಿನ್ ಆದಾಗ ಬೇರೆ ಹೆಸರು ಕೊಡದೆ ಒಳಗೆ ಬಿಡುವುದಿಲ್ಲ.

ಅಡ್ಮಿನ್, ಮಾಡರೇಟರ್, ಜಿಎಂ (ಗೇಮ್ ಮಾಸ್ಟರ್) ಎಂಬುವನ್ನೂ ಕಂಪನಿಯ ಹೆಸರನ್ನೂ ಸೇರಿಸಬೇಡಿ, ಸಿಬ್ಬಂದಿಯ ವೇಷ ಹಾಕಿದಂತಾಗುತ್ತದೆ. ಕ್ಯಾಪಿಟಲ್ ಐ ಮತ್ತು ಸ್ಮಾಲ್ ಎಲ್ ಒಂದೇ ಥರ ಕಾಣುವುದನ್ನು ಬಳಸಿಕೊಂಡು ಯಾರೋ ಹೆಸರಾಂತ ಆಟಗಾರನ ನಕಲಿ ಹೆಸರಿಡುವುದೂ ಇದೇ ಜಾತಿಯದು.

ಅಂಕಿಗಳ ವಿಷಯ. 1988ರಲ್ಲಿ ಹುಟ್ಟಿದವರು ಹೆಸರಿನ ಕೊನೆಗೆ 88 ಹಾಕುತ್ತಾರೆ, ಪಾಪ, ಅವರಿಗೇನೂ ಗೊತ್ತಿರುವುದಿಲ್ಲ. ಇಂಗ್ಲಿಷಿನ ಎಂಟನೇ ಅಕ್ಷರ ಎಚ್. ಎರಡು ಎಚ್ ಎಂದರೆ ‘ಹೈಲ್ ಹಿಟ್ಲರ್’ ಎಂದು ನವ ನಾಜಿಗಳ ಸಂಕೇತ. ಯುರೋಪಿನ ಸರ್ವರ್‌ನಲ್ಲಿ ಇದಕ್ಕೆ ತಂಡದಿಂದ ಹೊರಗೆ ಹಾಕಬಹುದು. 69 ಏಕೆ ಬೇಡ ಎಂದು ಇಲ್ಲಿ ಬರೆಯಲಾರೆ.

ನಡುವೆ ಒಂದು ಮಾತು: ‘ಸ್ಟೈಲಿಶ್ ನೇಮ್’ ಮಾಡಿಕೊಡುವ ಆ್ಯಪ್‌ಗಳು. ದಯವಿಟ್ಟು ಬೇಡ. ಬಿಜಿಎಂಐ, ಫ್ರೀ ಫೈರ್ ಆಡುವ ಹುಡುಗರ ಹೆಸರಿನ ಎರಡೂ ಬದಿಗೆ ರೆಕ್ಕೆಯಂಥ ಅಲಂಕಾರ ಕಾಣುತ್ತೀರಲ್ಲ, ಅದು ಇಂಡೊನೇಷ್ಯಾದ ಜಾವಾ ಲಿಪಿಯ ಚಿಹ್ನೆ. ನಡುವಿನ ಕಾಣದ ಜಾಗ ಕೊರಿಯನ್ನರ ಹಂಗುಲ್ ಲಿಪಿಯ ಖಾಲಿ ಅಕ್ಷರ. ನಮ್ಮ ‘ಠ’ವನ್ನೂ ಹೊರದೇಶದವರು ಬಿಟ್ಟಿಲ್ಲ, ಎರಡು ಠ ನಡುವೆ ಒಂದು ಗೆರೆ ಎಳೆದು ಗುರಾಯಿಸುವ ಮುಖ ಮಾಡಿದ್ದಾರೆ, ಹೀಗೆ: ಠ_ಠ. ನೋಡಲು ಚೆಂದ, ಒಪ್ಪುತ್ತೇನೆ. ಆದರೆ ನಿಮ್ಮನ್ನು ಫ್ರೆಂಡ್ ಲಿಸ್ಟಿಗೆ ಸೇರಿಸಬೇಕಾದವನು ಅದನ್ನು ಟೈಪ್ ಮಾಡುವುದು ಹೇಗೆ? ‘ಸರ್ಚ್‌ನಲ್ಲಿ ಬರ್ತಾನೇ ಇಲ್ಲ ಮಾಮಾ’ ಎಂದು ಫೋನ್ ಹಿಡಿದು ಬಂದ ಹುಡುಗನಿಗೆ ಕೊನೆಗೆ ಆಟದ ಐಡಿ ನಂಬರ್ ಓದಿ ಹೇಳಬೇಕಾಯಿತು. ಕೆಲವು ಫೋನ್‌ಗಳಲ್ಲಂತೂ ಈ ಹೆಸರು ಬರೀ ಚೌಕಗಳಾಗಿ ಕಾಣುತ್ತದೆ. ಇಂಥ ಆ್ಯಪ್ ಕಾಂಟ್ಯಾಕ್ಟ್ ನೋಡಲು ಅನುಮತಿ ಕೇಳಿದರೆ ಆ ಕ್ಷಣವೇ ಕಿತ್ತು ಹಾಕಿ. ಹೆಸರು ಸಿಂಗರಿಸಲು ನಿಮ್ಮ ಅತ್ತೆಯ ಫೋನ್ ನಂಬರ್ ಯಾಕೆ ಬೇಕು?

ಹಂತ 6: ನಿಮ್ಮ ಗುರುತು ತೆಗೆಯಿರಿ

ಪೂರ್ತಿ ಹೆಸರು, ಹುಟ್ಟಿದ ಇಸವಿ, ಶಾಲೆ, ಬಡಾವಣೆ, ಗಾಡಿ ನಂಬರ್ ಯಾವುದೂ ಇರಕೂಡದು. ಮಕ್ಕಳಿದ್ದರೆ ಅಪ್ಪ ಅಮ್ಮ ಇದೊಂದನ್ನು ಪಕ್ಕದಲ್ಲಿ ಕೂತು ನೋಡಿಕೊಳ್ಳಲಿ.

ಹಂತ 7: ಸಿಗದಿದ್ದರೆ

ಬೇಕಾದ ಹೆಸರು ಬೇರೆಯವರ ಪಾಲಾಗಿದ್ದರೆ ಹಿಂದೆ ಮುಂದೆ ಎಕ್ಸ್, ಅಂಕಿ ಅಂಟಿಸಬೇಡಿ. ವಾರ್‌ಕ್ರಾಫ್ಟ್‌ನಲ್ಲಿ ಒಂದು ಸರ್ವರ್‌ನಲ್ಲಿ ಇಲ್ಲದ್ದು ಇನ್ನೊಂದರಲ್ಲಿ ಸಿಗಬಹುದು. ಲೀಗ್ ಆಫ್ ಲೆಜೆಂಡ್ಸ್‌ನಲ್ಲಿ 2023ರ ನವೆಂಬರ್‌ನಿಂದ ರಯಟ್ ಐಡಿ ಬಂದ ಮೇಲೆ ಈ ಜಗಳವೇ ಮುಗಿದಿದೆ. ಹೆಸರಿನ ಜತೆಗೆ 3ರಿಂದ 5 ಅಕ್ಷರದ ಒಂದು ಟ್ಯಾಗ್ ಇರುತ್ತದೆ, ಟ್ಯಾಗ್ ಬೇರೆಯಾದರೆ ಹೆಸರು ಒಂದೇ ಇರಬಹುದು. ಆಟವೇ ತಾನಾಗಿ ಕೊಡುವ ಟ್ಯಾಗನ್ನು ಒಪ್ಪಿಕೊಳ್ಳದೆ ನಿಮಗೆ ಬೇಕಾದ್ದನ್ನು ಬರೆಯಿರಿ.

ಇಷ್ಟೆಲ್ಲ ಆದ ಮೇಲೂ ಬದಲಾಯಿಸುವ ಮನಸ್ಸಾದರೆ, ಮೊದಲು ಖರ್ಚು ನೋಡಿ. ಪ್ಲೇಸ್ಟೇಷನ್‌ನಲ್ಲಿ 2019ರ ಏಪ್ರಿಲ್‌ನಿಂದ ಬದಲಾವಣೆಗೆ ಅವಕಾಶವಿದೆ, ಮೊದಲ ಸಲ ಪುಕ್ಕಟೆ. ಆದರೆ 2018ರ ಏಪ್ರಿಲ್‌ಗಿಂತ ಹಿಂದಿನ ಕೆಲವು ಆಟಗಳಲ್ಲಿ ಹೆಸರು ಬದಲಾದ ಮೇಲೆ ತೊಂದರೆ ಬರಬಹುದೆಂದು ಕಂಪನಿಯೇ ಎಚ್ಚರಿಸಿದೆ. ಹಳೆಯ ಆಟದಲ್ಲಿ ವರ್ಷಗಟ್ಟಲೆ ಶೇಖರಿಸಿದ್ದು ಏನಾದರೂ ಇದ್ದರೆ ಕೈ ಹಾಕಬೇಡಿ. ಮೈನ್‌ಕ್ರಾಫ್ಟ್‌ನಲ್ಲಿ ದುಡ್ಡಿಲ್ಲ, 30 ದಿನಕ್ಕೊಮ್ಮೆ ಬದಲಾಯಿಸಬಹುದು. ನೀವು ಬಿಟ್ಟ ಹೆಸರನ್ನು 37 ದಿನ ಬೇರೆ ಯಾರಿಗೂ ಕೊಡುವುದಿಲ್ಲ. ಹೊಸದು ಹಿಡಿಸಲಿಲ್ಲ, ಹಳೆಯದೇ ಬೇಕು ಎನಿಸಿದರೆ 30 ದಿನ ಮುಗಿದ ಮೇಲೆ ನಿಮಗಿರುವುದು ಒಂದು ವಾರ. ಫೋನಿನಲ್ಲಿ ಅಲಾರಂ ಇಟ್ಟುಕೊಳ್ಳಿ.