ಕೂತ ಕಾಲಿಗೂ ಹೆಜ್ಜೆ ಎಣಿಸ್ತಿದ್ದ ನನ್ನ ಆಪ್

ಫಿಟ್ನೆಸ್ ಆಪ್ ಮಾಡೋದು ಅಂದ್ರೆ ಏನ್ ಮಹಾ, ಸೆನ್ಸರ್ ಇದೆ ಜಿಪಿಎಸ್ ಇದೆ, ಎರಡನ್ನೂ ಓದಿ ಸ್ಕ್ರೀನ್ ಮೇಲೆ ಹಾಕಿದ್ರೆ ಮುಗೀತು ಅನ್ಕೊಂಡು ಶುರು ಮಾಡಿದ್ದು ನಾನು. ಎರಡು ವಾರಕ್ಕೆ ಮೊದಲ ವರ್ಶನ್ ಓಡ್ತಾ ಇತ್ತು ಕೂಡ. ಆಮೇಲೆ ಅದನ್ನ ಸರಿ ಮಾಡೋಕೆ ಒಂದೂವರೆ ವರ್ಷ ಹಿಡೀತು. ಆಂಡ್ರಾಯ್ಡ್‌ನಲ್ಲೇ ಮಾಡಿದ್ದು, ಅದರ ಕಥೆನೇ ಹೇಳ್ತೀನಿ.

ಮೊದಲು ಹೆಜ್ಜೆ ವಿಷಯ. ಫೋನ್ ಒಳಗೇ ಹೆಜ್ಜೆ ಎಣಿಸೋ ಸ್ಟೆಪ್ ಕೌಂಟರ್ ಸೆನ್ಸರ್ ಇದ್ರೆ ಅದನ್ನ ಓದೋ ಸೌಲಭ್ಯ ಆಂಡ್ರಾಯ್ಡ್ 4.4ರಿಂದ ಇದೆ, ಆದ್ರೆ ನನ್ನತ್ರ ಇದ್ದ ಹಳೇ ಟೆಸ್ಟ್ ಫೋನಲ್ಲಿ ಅದು ಇರ್ಲಿಲ್ಲ, ಹಾಗಾಗಿ ಆಕ್ಸೆಲೆರೋಮೀಟರ್ (ಫೋನಿನ ಅಲುಗಾಟ ಅಳೆಯೋ ಸೆನ್ಸರ್) ಓದಿ ನಾನೇ ಎಣಿಸ್ತೀನಿ ಅಂತ ಹೊರಟೆ. ಮೂರು ಅಕ್ಷಗಳ ಬೆಲೆಗಳ ವರ್ಗ ಕೂಡಿಸಿ, ವರ್ಗಮೂಲ ತೆಗೆದು ಒಟ್ಟು ಬಲ ಕಂಡುಹಿಡಿದ್ರೆ ಫೋನ್ ಜೇಬಲ್ಲಿ ಹೇಗೆ ಬಿದ್ದಿದ್ರೂ ಲೆಕ್ಕ ಒಂದೇ, ಸುಮ್ನೆ ಇದ್ದಾಗ ಭೂಮಿಯ ಗುರುತ್ವದ 9.8ರ ಹತ್ರ ನಿಲ್ಲುತ್ತೆ, ನಡೆದಾಗ ಅಲೆ ಥರ ಏರಿಳಿಯುತ್ತೆ. ಆ ಅಲೆಯ ತುದಿಗಳನ್ನ ಎಣಿಸಿದ್ರೆ ಹೆಜ್ಜೆ. ಒಂದೇ ಹೆಜ್ಜೆ ಎರಡು ಸಲ ಎಣಿಸದೇ ಇರಲಿ ಅಂತ ಒಂದು ತುದಿ ಸಿಕ್ಕ ಮೇಲೆ 300 ಮಿಲಿಸೆಕೆಂಡ್ ಒಳಗೆ ಬಂದದ್ದನ್ನ ಬಿಟ್ಟುಬಿಡು ಅಂತ ಬರೆದಿದ್ದೆ. ಎಲ್ಲಾ ಚೆನ್ನಾಗಿತ್ತು.

ಆದ್ರೆ ಕೋಡ್ ಬರೀತಾ ಕೂತಿದ್ದ ದಿನಗಳಲ್ಲೇ ನನ್ನ ಹೆಜ್ಜೆ ಜಾಸ್ತಿ ಬರ್ತಿತ್ತು! ನಂಗೆ ಕೂತಲ್ಲೇ ಕಾಲು ಅಲ್ಲಾಡಿಸೋ ಚಟ, ಫೋನ್ ಪ್ಯಾಂಟ್ ಜೇಬಲ್ಲಿ. ಗ್ರಾಫ್ ತೆಗೆದು ನೋಡಿದ್ರೆ ಸೆಕೆಂಡಿಗೆ ಸುಮಾರು 5 ಸಲ ಕಾಲು ಅಲ್ಲಾಡ್ತಿದೆ, ಅಂದ್ರೆ 200 ಮಿಲಿಸೆಕೆಂಡಿಗೊಂದು ತುದಿ. ನಾನು ಬರೆದ 300ರ ರೂಲು ಒಂದನ್ನ ಬಿಟ್ಟು ಒಂದನ್ನ ಎಣಿಸ್ತಿತ್ತು, ಉಳಿದದ್ದು 400 ಮಿಲಿಸೆಕೆಂಡಿಗೊಂದು, ನಿಮಿಷಕ್ಕೆ 150, ಥೇಟ್ ಜಾಗಿಂಗ್ ಲಯ! ತಪ್ಪು ತಡೆಯೋಕೆ ಹಾಕಿದ್ದ ರೂಲೇ ಕಾಲು ಕುಣಿಸೋದನ್ನ ಓಟ ಮಾಡಿ ಕೊಡ್ತಿತ್ತು. ಆಮೇಲೆ ತಿರುಗಿಸಿ ಬರೆದೆ, ತೀರಾ ಬೇಗ ಬಂದ ತುದಿನ ಸುಮ್ನೆ ಎಸೆಯೋದಲ್ಲ, ಅಂಥವು ಸಾಲಾಗಿ ಬಂದ್ರೆ ಇದು ನಡಿಗೆನೇ ಅಲ್ಲ ಅಂತ ಇಡೀ ಸಾಲನ್ನೇ ತೆಗೆದುಹಾಕೋದು. ಜೊತೆಗೆ ಒಂದೇ ಲಯದಲ್ಲಿ 8 ಹೆಜ್ಜೆ ಬರೋವರೆಗೂ ಏನೂ ತೋರಿಸ್ಬಾರ್ದು, ಬಂದ ಮೇಲೆ ಆ 8ನ್ನೂ ಸೇರಿಸಿ ತೋರಿಸ್ಬೇಕು.

ಇದನ್ನೆಲ್ಲ ಟೆಸ್ಟ್ ಮಾಡ್ತಿದ್ದ ರೀತಿ ನೆನೆಸ್ಕೊಂಡ್ರೆ ಈಗ ನಗು ಬರುತ್ತೆ, ಒಂದು ನಂಬರ್ ಬದಲಾಯಿಸೋದು, ಫೋನ್‌ಗೆ ಹಾಕೋದು, ಎದ್ದು ಹೋಗಿ 100 ಹೆಜ್ಜೆ ನಡೆಯೋದು, ವಾಪಸ್ ಬಂದು ಇನ್ನೊಂದು ನಂಬರ್ ಬದಲಾಯಿಸೋದು. ಇವತ್ತು ಸರಿಯಾದದ್ದು ನಾಳೆ ಹಾಳು, ಯಾವ ಬದಲಾವಣೆಯಿಂದ ಹಾಳಾಯ್ತು ಅಂತಾನೂ ಗೊತ್ತಾಗ್ತಿರ್ಲಿಲ್ಲ. ಮೂರು ತಿಂಗಳಾದ್ಮೇಲೆ ಬುದ್ಧಿ ಬಂತು, ಸೆನ್ಸರ್ ಕೊಡೋ ಕಚ್ಚಾ ಡೇಟಾನ ಹಾಗೇ ಫೈಲಲ್ಲಿ ಉಳಿಸೋಕೆ ಶುರು ಮಾಡಿದೆ. ಸೆಕೆಂಡಿಗೆ 50 ಸಲ, ಮೂರು ನಂಬರ್, ಒಂದೊಂದಕ್ಕೆ 4 ಬೈಟ್, ಗಂಟೆಗೆ 2 ಎಂಬಿ ಚಿಲ್ರೆ ಅಷ್ಟೇ. ಬಾಯಲ್ಲಿ ಎಣಿಸ್ತಾ 500 ಹೆಜ್ಜೆ ನಡೆದಿದ್ದು, ಮೆಟ್ಟಿಲು ಹತ್ತಿದ್ದು, ಬಸ್ಸಲ್ಲಿ ಕೂತಿದ್ದು, ಕಾಲು ಅಲ್ಲಾಡಿಸಿದ್ದು, ಫೋನ್ ಕೈಲಿ ಹಿಡ್ಕೊಂಡು ವಿಡಿಯೋ ನೋಡ್ತಾ ನಡೆದಿದ್ದು, ಹೀಗೆ ಸುಮಾರು 40 ರೆಕಾರ್ಡಿಂಗ್ ಆಯ್ತು, ಪ್ರತಿಯೊಂದಕ್ಕೂ ನಿಜವಾದ ಉತ್ತರ ಪಕ್ಕದಲ್ಲಿ ಬರೆದಿಟ್ಟೆ. ಈಗ ಕೋಡ್ ಮುಟ್ಟಿದ ತಕ್ಷಣ 40ನ್ನೂ ಮತ್ತೆ ಓಡಿಸಿ ಯಾವುದು ಸುಧಾರಿಸ್ತು ಯಾವುದು ಕೆಟ್ಟಿತು ಅಂತ ಒಂದೇ ನಿಮಿಷದಲ್ಲಿ ಗೊತ್ತಾಗುತ್ತೆ. ನೀವು ಈ ಕೆಲಸಕ್ಕೆ ಕೈ ಹಾಕೋರಾದ್ರೆ ಆಪ್‌ಗಿಂತ ಮೊದಲು ಈ ರೆಕಾರ್ಡರ್ ಬರ್ಕೊಳಿ, ನಿಜವಾಗ್ಲೂ.

ಜಿಪಿಎಸ್ ಇನ್ನೊಂದು ತಲೆನೋವು. ಫೋನ್ ಮೇಜಿನ ಮೇಲೆ ಇಟ್ಟು ರೆಕಾರ್ಡಿಂಗ್ ನಿಲ್ಲಿಸೋದು ಮರೆತುಬಿಟ್ಟಿದ್ದೆ, ಎರಡು ಗಂಟೆ ಬಿಟ್ಟು ನೋಡಿದ್ರೆ 1.8 ಕಿ.ಮೀ. ನಡೆದಿದೀನಿ ಅಂತಿದೆ! ಜಿಪಿಎಸ್ ತೋರಿಸೋ ಬಿಂದು ಅಲ್ಲೇ ಸುತ್ತಮುತ್ತ ಕೆಲವು ಮೀಟರ್ ಅಲೆದಾಡ್ತಿರುತ್ತೆ, ಪ್ರತಿ ಅಲೆದಾಟನೂ ನಾನು ದೂರಕ್ಕೆ ಕೂಡಿಸ್ತಿದ್ದೆ. ಆಂಡ್ರಾಯ್ಡ್ ಪ್ರತಿ ಬಿಂದುವಿನ ಜೊತೆ ಒಂದು ಅಕ್ಯುರಸಿ ನಂಬರ್ ಕೊಡುತ್ತೆ, ಅದು 10 ಮೀಟರ್ ಅಂದ್ರೆ ಪಕ್ಕಾ 10ರೊಳಗೆ ಇದೀರಿ ಅಂತ ಅಲ್ಲ, ಆ ವೃತ್ತದೊಳಗೆ ಇರೋ ಸಾಧ್ಯತೆ 68% ಅಂತ, ಅಂದ್ರೆ ಹೆಚ್ಚುಕಮ್ಮಿ ಮೂರರಲ್ಲಿ ಒಂದು ಹೊರಗೇ. ಇದು ಗೊತ್ತಾದ ಮೇಲೆ 25 ಮೀಟರ್‌ಗಿಂತ ಕೆಟ್ಟ ಬಿಂದುಗಳನ್ನ ಬಿಟ್ಟೆ, ಹಿಂದಿನ ಬಿಂದುವಿಂದ ಅಕ್ಯುರಸಿಗಿಂತ ಜಾಸ್ತಿ ದೂರ ಹೋಗೋವರೆಗೂ ದೂರ ಕೂಡಿಸ್ಬೇಡ ಅಂದೆ. ಮೇಜಿನ ಸಮಸ್ಯೆ ಹೋಯ್ತು, ಆದ್ರೆ 400 ಮೀಟರ್ ಟ್ರ್ಯಾಕಲ್ಲಿ ಓಡೋರ ತಿರುವುಗಳೆಲ್ಲ ಕತ್ತರಿಸಿ ಹೋಗಿ ಸುತ್ತು ಸುತ್ತಿಗೂ ದೂರ ಕಮ್ಮಿ ಬರೋಕೆ ಶುರು. ಕೊನೆಗೆ ಹೆಜ್ಜೆನ ಸಾಕ್ಷಿಗೆ ಕರೆದೆ: ಹೆಜ್ಜೆ ಬರ್ತಿದ್ರೆ ರೂಲು ಸಡಿಲ, ಹೆಜ್ಜೆ ನಿಂತಿದ್ರೆ ದೂರಾನೂ ನಿಲ್ಲಬೇಕು. ಸೈಕಲ್ ಹೊಡೆಯೋರಿಗೆ ಹೆಜ್ಜೆನೇ ಇಲ್ವಲ್ಲ, ಅವರಿಗೆ ಬೇರೆ ದಾರಿ, ವೇಗ ನೋಡಿ ನಿರ್ಧಾರ.

ಎತ್ತರದ ಲೆಕ್ಕಕ್ಕೆ ಜಿಪಿಎಸ್ ನಂಬಲೇಬೇಡಿ, ಬ್ಯಾರೋಮೀಟರ್ (ಗಾಳಿಯ ಒತ್ತಡ ಅಳೆಯೋ ಸೆನ್ಸರ್) ಇರೋ ಫೋನಲ್ಲಿ ಅದನ್ನೇ ಬಳಸಿ. ಅದರಲ್ಲೂ 2-3 ಮೀಟರ್ ಏರೋವರೆಗೂ ಏರಿದ್ದು ಅಂತ ಲೆಕ್ಕ ಹಾಕ್ಬೇಡಿ, ಇಲ್ಲಾಂದ್ರೆ ಸಮತಟ್ಟು ರಸ್ತೆಲೂ ಬೆಟ್ಟ ಹತ್ತಿಸುತ್ತೆ. ಕ್ಯಾಲೊರಿ ಬಗ್ಗೆ ಜಾಸ್ತಿ ಹೇಳಲ್ಲ, ಎಂಇಟಿ ಟೇಬಲ್ (ಸುಮ್ನೆ ಕೂತಿರೋದಕ್ಕಿಂತ ಯಾವ ಚಟುವಟಿಕೆಗೆ ಎಷ್ಟು ಪಟ್ಟು ಶಕ್ತಿ ಬೇಕು ಅನ್ನೋ ಪಟ್ಟಿ) ಇಟ್ಟು ತೂಕ ಮತ್ತು ಸಮಯದಿಂದ ಗುಣಿಸೋದು, ಅದು ಅಂದಾಜೇ, ಹಾಗಾಗಿ 347 ಅಂತ ತೋರಿಸೋದು ಬಿಟ್ಟು ಹತ್ತರ ಲೆಕ್ಕಕ್ಕೆ ತಂದು 350 ಅಂತ ತೋರಿಸ್ತೀನಿ. ದಿನಕ್ಕೆ 10,000 ಹೆಜ್ಜೆ ಅನ್ನೋ ಗುರಿನೂ ತೆಗೆದೆ. ಅದರ ಮೂಲ 1965ರಲ್ಲಿ ಜಪಾನಲ್ಲಿ ಮಾರಾಟಕ್ಕೆ ಬಂದ ಮ್ಯಾನ್ಪೊ-ಕೇ ಅನ್ನೋ ಪೆಡೋಮೀಟರ್, ಹೆಸರಿನ ಅರ್ಥವೇ ಹತ್ತು ಸಾವಿರ ಹೆಜ್ಜೆ ಅಳೆಯೋದು ಅಂತ. ಈಗ ಹೊಸಬರಿಗೆ ಅವರದೇ ಮೊದಲ ವಾರದ ಸರಾಸರಿ ನೋಡಿ ಅದಕ್ಕಿಂತ ಸ್ವಲ್ಪ ಮೇಲೆ ಗುರಿ ಇಡ್ತೀನಿ.

ಮಾನ ಹೋದದ್ದು ಮಾತ್ರ ತೀರಾ ಸಣ್ಣ ವಿಷಯಕ್ಕೆ. ಸ್ಟೆಪ್ ಕೌಂಟರ್ ಸೆನ್ಸರ್ ಇರೋ ಫೋನಲ್ಲಿ ಅದನ್ನೇ ಓದ್ತಿದ್ದೆ, ಫೋನ್ ರೀಸ್ಟಾರ್ಟ್ ಆದ್ರೆ ಅದು ಸೊನ್ನೆಯಿಂದ ಶುರುವಾಗುತ್ತೆ, ನಾನು ಈಗಿನದ್ರಲ್ಲಿ ಬೆಳಗ್ಗಿಂದು ಕಳೀತಿದ್ದೆ, ಒಬ್ಬರಿಗೆ ಇವತ್ತು ನೀವು ಮೈನಸ್ 6,212 ಹೆಜ್ಜೆ ನಡೆದಿದೀರಿ ಅಂತ ತೋರಿಸ್ತು. ಇನ್ನೊಬ್ಬರ ಓಟನ ಬ್ಯಾಟರಿ ಉಳಿಸೋ ನೆಪದಲ್ಲಿ ಸಿಸ್ಟಮ್ಮೇ ಅರ್ಧಕ್ಕೆ ಕೊಂದುಬಿಡ್ತು, ನಾನು ಎಲ್ಲಾ ಬಿಂದುಗಳನ್ನ ಮೆಮೊರಿಲಿ ಇಟ್ಟು ಕೊನೆಗೆ ಸೇವ್ ಮಾಡ್ತಿದ್ದೆ, ಪೂರ್ತಿ ಓಟ ಮಾಯ. ಫೋರ್‌ಗ್ರೌಂಡ್ ಸರ್ವಿಸ್ (ಆಪ್ ಓಡ್ತಿದೆ ಅಂತ ನೋಟಿಫಿಕೇಶನ್ ತೋರಿಸಿ, ಸಿಸ್ಟಮ್ ಸುಲಭಕ್ಕೆ ನಿಲ್ಲಿಸದ ಹಾಗೆ ನೋಡ್ಕೊಳ್ಳೋದು) ಮತ್ತು 5 ಸೆಕೆಂಡಿಗೊಮ್ಮೆ ಡಿಸ್ಕ್‌ಗೆ ಬರೆಯೋದು, ಎರಡನ್ನೂ ಮೊದಲ ದಿನವೇ ಮಾಡ್ಬೇಕಿತ್ತು.

ಇಷ್ಟೆಲ್ಲ ಸರಿ ಮಾಡಿ ಹೊಸ ವರ್ಶನ್ ಬಿಟ್ಟೆ, ಜನ ಹೊಗಳ್ತಾರೆ ಅಂತ ಕಾಯ್ತಿದ್ರೆ ಬೈಗುಳದ ಮೇಲ್ ಬಂತು. ಯಾಕಂದ್ರೆ ಸರಿ ಮಾಡೋದು ಅಂದ್ರೆ ಇಲ್ಲಿ ಬಹುಪಾಲು ಕಮ್ಮಿ ಮಾಡೋದೇ, ಇಲ್ಲದ ಹೆಜ್ಜೆ, ಇಲ್ಲದ ದೂರ, ಇಲ್ಲದ ಏರು ತೆಗೆದಾಗ ಎಲ್ಲರ ನಂಬರೂ ಇಳೀತು. ನಿಮ್ಮ ಆಪ್ ಕೆಟ್ಟಿದೆ ಅಂದ್ರು. ಅದಕ್ಕಿಂತ ದೊಡ್ಡ ತಪ್ಪು ಅಂದ್ರೆ ನಾನು ಹಳೇ ರೆಕಾರ್ಡ್‌ಗಳನ್ನೂ ಹೊಸ ಲೆಕ್ಕದಲ್ಲಿ ತಿದ್ದಿಬಿಟ್ಟಿದ್ದೆ, ಜನ ಹೆಮ್ಮೆಯಿಂದ ಇಟ್ಕೊಂಡಿದ್ದ ವೈಯಕ್ತಿಕ ದಾಖಲೆಗಳು ರಾತ್ರೋರಾತ್ರಿ ಹೋಗಿದ್ವು. ಎರಡೇ ದಿನಕ್ಕೆ ವಾಪಸ್ ತಂದೆ, ಪುಣ್ಯಕ್ಕೆ ಬ್ಯಾಕಪ್ ಇತ್ತು. ಈಗ ಪ್ರತಿ ರೆಕಾರ್ಡ್ ಜೊತೆ ಯಾವ ವರ್ಶನ್ ಲೆಕ್ಕ ಹಾಕಿದ್ದು ಅಂತ ಉಳಿಸ್ತೀನಿ, ಗ್ರಾಫಲ್ಲಿ ಲೆಕ್ಕ ಬದಲಾದ ದಿನ ಒಂದು ಸಣ್ಣ ಗೆರೆ ಬರುತ್ತೆ, ಹಳೇದು ಮತ್ತೆ ಲೆಕ್ಕ ಹಾಕ್ಬೇಕಾ ಅಂತ ಕೇಳುತ್ತೆ, ಬೇಡ ಅಂದ್ರೆ ಮುಟ್ಟಲ್ಲ.

ಮೊದಲ ವರ್ಶನ್ ಹಾಕ್ಕೊಂಡು ನಾನು ಒಬ್ಬನೇ ಓಡಿದ ಹಾಫ್ ಮ್ಯಾರಥಾನ್ (ಅಂದ್ರೆ 21.1 ಕಿ.ಮೀ. ಓಟ) ಒಂದಿದೆ, 21.3 ಕಿ.ಮೀ. ಅಂತ ತೋರಿಸಿತ್ತು. ಹೊಸ ಲೆಕ್ಕದಲ್ಲಿ ಓಡಿಸಿ ನೋಡ್ದೆ, 20.6 ಬಂತು. ಆಪ್ ಕೇಳ್ತು, ಬೇಡ ಅಂತ ಒತ್ತಿದೆ.