ನಡುವಿನ ನಾಲ್ಕು ಪುಟ ಬದಲಾಗುವ ಮಕ್ಕಳ ಪುಸ್ತಕ: ನನ್ನ ಅನುಭವ

ಐವಿಎಫ್‌ನಿಂದ (ಅಂಡಾಣು, ವೀರ್ಯಾಣುವನ್ನು ದೇಹದ ಹೊರಗೆ ಸೇರಿಸಿ ಆಮೇಲೆ ಗರ್ಭದಲ್ಲಿ ಇಡುವ ಚಿಕಿತ್ಸೆ), ದಾನಿಯ ಅಂಡಾಣು ಅಥವಾ ವೀರ್ಯಾಣುವಿನಿಂದ ಹುಟ್ಟಿದ ಮಕ್ಕಳಿಗೆ ಅವರ ಹುಟ್ಟಿನ ಕತೆ ಹೇಳುವ ಕನ್ನಡ ಚಿತ್ರಪುಸ್ತಕ ಮಾಡುತ್ತೇನೆ ಅಂದಾಗ ಬೆನ್ನು ತಟ್ಟಿದವರು ಕಡಿಮೆ. ಒಬ್ಬ ಪ್ರಕಾಶಕರು ನೇರವಾಗಿಯೇ ಹೇಳಿದರು: "ಮನೆಯವರು ಮುಚ್ಚಿಡೋ ವಿಷಯ ಇದು. ದುಡ್ಡು ಕೊಟ್ಟು ಯಾರು ತಗೋತಾರೆ?" ಪ್ರೆಸ್ಸಿನವರು ನನ್ನ ಲೆಕ್ಕ ನೋಡಿ ತಲೆ ಅಲ್ಲಾಡಿಸಿದರು. ಈಗ ಎರಡನೇ ಮುದ್ರಣದ ಸಾವಿರದಲ್ಲಿ ಇನ್ನೂರರ ಆಸುಪಾಸು ಉಳಿದಿವೆ. ಒಂದು ಪ್ರತಿಯನ್ನೂ ಅಂಗಡಿಯಲ್ಲಿ ಇಟ್ಟಿಲ್ಲ. ಮಕ್ಕಳ ಪುಸ್ತಕ ಮಾಡುವ ಗೆಳೆಯರು ಹೇಗೆ ಮಾಡಿದಿರಿ ಅಂತ ಕೇಳುತ್ತಲೇ ಇದ್ದಾರೆ. ಅವರಿಗಾಗಿ ಬರೆಯುತ್ತಿದ್ದೇನೆ.

ಹೊರದೇಶದ ಪುಸ್ತಕವೊಂದನ್ನು ಅನುವಾದ ಮಾಡಿ ಮುಗಿಸಿ ಅಂದವರಿದ್ದರು. ಅದು ಇಲ್ಲಿ ನಡೆಯುವುದಿಲ್ಲ. ಬ್ರಿಟನ್‌ನಲ್ಲಿ 2005ರ ಏಪ್ರಿಲ್ 1ರಿಂದ ಈಚೆಗೆ ದಾನ ಮಾಡಿದವರ ಹೆಸರನ್ನು ಮಗು 18 ತುಂಬಿದ ಮೇಲೆ ಕೇಳಿ ತಿಳಿಯಬಹುದು. ಅಲ್ಲಿನ ಕತೆಯಲ್ಲಿ 'ದೊಡ್ಡವನಾದ ಮೇಲೆ ಅವರು ಯಾರು ಅಂತ ತಿಳಿಯಬಹುದು' ಅನ್ನುವ ಸಾಲು ಸಹಜವಾಗಿ ಕೂರುತ್ತದೆ. ಐವಿಎಫ್‌ನಂಥ ಚಿಕಿತ್ಸೆಗಳಿಗೆಂದೇ ಇರುವ ನಮ್ಮ 2021ರ ಎಆರ್‌ಟಿ ಕಾಯ್ದೆಯಲ್ಲಿ ದಾನಿ ಯಾರೆಂದು ತಂದೆತಾಯಿಗೂ ಗೊತ್ತಾಗುವುದಿಲ್ಲ, ಮಗುವಿಗೂ ಇಲ್ಲ. ಸಿಗದ ಮಾತನ್ನು ಮಗುವಿಗೆ ಕೊಡಬಾರದು. ಹಾಗಾಗಿ ನಮ್ಮ ಪುಸ್ತಕದಲ್ಲಿ 'ಅವರು ಯಾರು ಅಂತ ನಮಗೂ ಗೊತ್ತಿಲ್ಲ' ಅನ್ನುವ ಸಾಲು ಇದೆ. ಆ ಸಾಲು ಹಾಕಬೇಡಿ ಅಂತ ಬಹಳ ಜನ ಹೇಳಿದರು. ನಾನು ಬಿಡಲಿಲ್ಲ. ಬ್ರಿಟನ್‌ನಲ್ಲಿರುವ ಕೆಲವು ಕನ್ನಡದ ಮನೆಗಳಿಗೆ ಮಾತ್ರ ಆ ಸಾಲಿನ ಮೇಲೆ ಅಂಟಿಸಲು ಬೇರೆ ಸಾಲಿನ ಚಿಕ್ಕ ಸ್ಟಿಕರ್ ಕಳಿಸುತ್ತೇನೆ.

ದೊಡ್ಡ ತಲೆನೋವು ಕುಟುಂಬಗಳು ಒಂದೇ ಥರ ಇಲ್ಲದಿರುವುದು. ಅಂಡಾಣು ಮಾತ್ರ ದಾನಿಯದು ಆಗಿರುವ ಮನೆ, ವೀರ್ಯಾಣು ಮಾತ್ರ ದಾನಿಯದು ಆಗಿರುವ ಮನೆ, ಎರಡೂ ದಾನಿಗಳದು ಆಗಿರುವ ಮನೆ, ಎರಡೂ ತಮ್ಮದೇ ಆಗಿದ್ದು ಐವಿಎಫ್ ಮಾತ್ರ ಮಾಡಿಸಿಕೊಂಡ ಮನೆ, ಒಬ್ಬರೇ ಅಮ್ಮ ಇರುವ ಮನೆ. ಒಂದೊಂದಕ್ಕೂ ಒಂದೊಂದು ಪುಸ್ತಕ ಅಂದರೆ ನನ್ನ ಕೈಲಾಗದ ದುಡ್ಡು. ಎಲ್ಲರಿಗೂ ಹೊಂದುವ ಒಂದೇ ಪುಸ್ತಕ ಬರೆದು ನೋಡಿದೆ. ಎಲ್ಲರಿಗೂ ಹೊಂದಲು ಹೋಗಿ ಅದು ಯಾರಿಗೂ ಏನೂ ಹೇಳಲಿಲ್ಲ. ಓದಿದ ಒಬ್ಬ ಅಮ್ಮ, "ಚೆನ್ನಾಗಿದೆ. ಆದರೆ ನಾನು ಹೇಳಬೇಕಾದ ಮಾತು ಇದರಲ್ಲಿಲ್ಲ" ಅಂದರು.

ಕೊನೆಗೆ ಹೊಳೆದದ್ದು ಇದು. ನಡುಮಧ್ಯೆ ಪಿನ್ ಹೊಡೆದ ಪುಸ್ತಕದ ಎಲ್ಲಕ್ಕಿಂತ ಒಳಗಿನ ಹಾಳೆ, ಅಂದರೆ ನಡುವಿನ ನಾಲ್ಕು ಪುಟ, ಒಂದೇ ತುಂಡು. ಅದನ್ನು ಮಾತ್ರ ಬದಲಾಯಿಸಿದರೆ ಆಯಿತಲ್ವಾ? ಒಳಗೆ 20 ಪುಟ ಇಟ್ಟುಕೊಂಡೆ. 16 ಪುಟ ಎಲ್ಲರಿಗೂ ಒಂದೇ: ಮನೆ, ಬೀದಿ, ಅಜ್ಜಿ, ಕಾಯುವುದು, ಆಮೇಲೆ ಮಗು ಬಂದದ್ದು, ತೊಟ್ಟಿಲು, ನೆರೆಹೊರೆಯವರು. ಅಪ್ಪ ಇದ್ದಾರೋ ಇಲ್ಲವೋ, ಅಂಡಾಣು, ವೀರ್ಯಾಣು ಎಲ್ಲಿಂದ ಬಂತು, ಇದೆಲ್ಲ 9ರಿಂದ 12ನೇ ಪುಟದೊಳಗೇ ಮುಗಿಯಬೇಕು. ಸಾಮಾನ್ಯ ಪುಟಗಳಲ್ಲಿ ಅಪ್ಪನ ಚಪ್ಪಲಿ ಕೂಡ ಕಾಣಬಾರದು ಅಂತ ಚಿತ್ರ ಬರೆದ ಗೆಳತಿಗೆ ಮೊದಲೇ ಹೇಳಿಬಿಟ್ಟೆ.

ಮೊದಲು ಸಾಮಾನ್ಯ ಪುಟಗಳನ್ನು ಆಫ್‌ಸೆಟ್‌ನಲ್ಲಿ, ನಡುವಿನ ಹಾಳೆಯನ್ನು ಬೇಕಾದಷ್ಟೇ ಡಿಜಿಟಲ್‌ನಲ್ಲಿ ಹೊಡೆಸಿದೆ. ಹಾಳಾಯಿತು. ಪುಸ್ತಕ ತೆರೆದರೆ 8 ಮತ್ತು 9 ಅಕ್ಕಪಕ್ಕ ಬರುತ್ತವೆ, 12 ಮತ್ತು 13 ಕೂಡ. ಎಡಗಡೆ ಗೋಡೆ ತಿಳಿ ಹಳದಿ, ಬಲಗಡೆ ಅದೇ ಗೋಡೆ ಕಿತ್ತಳೆ. ಅಮ್ಮನ ಕೈ ಎರಡು ಬಣ್ಣ. ಮೈಬಣ್ಣದ ವಿಷಯವೇ ಸೂಕ್ಷ್ಮವಾಗಿರುವ ಪುಸ್ತಕದಲ್ಲಿ ಇದು ಆಗಲೇಬಾರದು. ನೂರು ಚಿಲ್ಲರೆ ಪ್ರತಿ ರದ್ದಿಗೆ ಹೋದವು. ಎಂಟು ಹತ್ತು ಸಾವಿರ ಹೋಯಿತು.

ಆಮೇಲೆ ಕಾಗದದ ಲೆಕ್ಕ ಹಾಕಿದೆ. ಪುಟ 8 ಇಂಚು ಚೌಕ. 23×36 ಇಂಚಿನ ಒಂದು ಶೀಟಿನಲ್ಲಿ ಎರಡೂ ಬದಿ ಸೇರಿ 16 ಪುಟ ಕೂರುತ್ತವೆ. ಅಂದರೆ ಸಾಮಾನ್ಯ ಪುಟಗಳು ಸರಿಯಾಗಿ ಒಂದು ಶೀಟು. ಇನ್ನೊಂದು ಶೀಟಿನಲ್ಲಿ ನಾಲ್ಕು ಬೇರೆ ಬೇರೆ ನಡುಹಾಳೆ ಒಟ್ಟಿಗೇ ಬರುತ್ತವೆ! ಸಾವಿರ ಪುಸ್ತಕಕ್ಕೆ ಎರಡನೇ ಶೀಟು 250 ಹೊಡೆದರೆ ಸಾಕು. ಜಾಸ್ತಿ ಖರ್ಚು ಒಂದು ಸೆಟ್ ಪ್ಲೇಟು (ಮುದ್ರಣದ ಅಚ್ಚು), ಬದಿಗೆ ನಾಲ್ಕು ಬಣ್ಣದಂತೆ ಎಂಟು. "ಬೈಂಡಿಂಗ್‌ನಲ್ಲಿ ಕಲಸಿ ಹೋಗುತ್ತೆ ಮೇಡಂ" ಅಂತ ಪ್ರೆಸ್ಸಿನವರ ವಾದ. ಎರಡೂ ಶೀಟನ್ನು ಅದೇ ಮಿಷಿನ್ನಿನಲ್ಲಿ, ಅದೇ ದಿನ, ಅದೇ ಇಂಕಿನಲ್ಲಿ ಹೊಡೆಸಿದೆ. 8ನೇ ಪುಟದಿಂದ 9ಕ್ಕೆ ಯಾವ ಚಿತ್ರವೂ ದಾಟದಂತೆ ನಡುವೆ ಅಗಲವಾಗಿ ಬಿಳಿ ಬಿಟ್ಟೆವು. ಬಣ್ಣದ ಗೋಳು ಅಲ್ಲಿಗೇ ಮುಗಿಯಿತು.

ಕಲಸಿ ಹೋಗುವ ಭಯ ಮಾತ್ರ ನಿಜವಾದದ್ದೇ. ವೀರ್ಯಾಣು ದಾನದ ಮನೆಗೆ ಅಂಡಾಣು ದಾನದ ಪುಸ್ತಕ ಹೋದರೆ ಅದಕ್ಕಿಂತ ಕೆಟ್ಟದ್ದು ಬೇರೆ ಇಲ್ಲ. ಅದಕ್ಕೆ ಪ್ರತಿಯೊಂದು ನಮೂನೆಗೂ ಒಂದು ಗುರುತು ಇಟ್ಟಿದ್ದೇನೆ. ಪುಸ್ತಕ ತೆರೆಯದೆಯೇ ನನಗೆ ಗೊತ್ತಾಗುತ್ತದೆ. ಗುರುತು ಎಲ್ಲಿದೆ ಅಂತ ಇಲ್ಲಿ ಹೇಳುವುದಿಲ್ಲ. ಹೇಳಿದರೆ ಮನೆಗೆ ಬಂದ ನೆಂಟರಿಗೂ ಗೊತ್ತಾಗಿಬಿಡುತ್ತದೆ. ಪುಸ್ತಕದ ಹೆಸರನ್ನು ಬರೆಯದಿರುವುದಕ್ಕೂ ಇದೇ ಕಾರಣ. ಇಷ್ಟಾದರೂ ಕಳಿಸುವ ಮುಂಚೆ ಪ್ರತಿ ಪುಸ್ತಕವನ್ನೂ ತೆರೆದು ನೋಡುತ್ತೇನೆ. ಎಲ್ಲವನ್ನೂ ಒಟ್ಟಿಗೆ ಪಿನ್ ಹೊಡೆಸುವುದಿಲ್ಲ. ಮುದ್ರಿಸಿ ಮಡಿಚಿದ ಹಾಳೆಗಳನ್ನು ಹಾಗೇ ಇಟ್ಟುಕೊಂಡು ಬೇಡಿಕೆ ನೋಡಿ ಐವತ್ತು, ನೂರು ಅಂತ ಬೈಂಡರ್ ಹತ್ತಿರ ಒಯ್ಯುತ್ತೇನೆ. ಅವರು ಗೊಣಗುತ್ತಾರೆ, ನಾನು ಸ್ವಲ್ಪ ಜಾಸ್ತಿ ಕೊಡುತ್ತೇನೆ.

ಇನ್ನು ಕತೆ. ಬೀಜ, ನೆಲ, ಗಿಡ ಅಂತ ಆಸ್ಪತ್ರೆಗಳಲ್ಲಿ ವಿವರಿಸುತ್ತಾರಲ್ಲ, ಅದನ್ನು ಮೊದಲ ದಿನವೇ ಕೈಬಿಟ್ಟೆ. ಬೀಜ ಅಂದ ಕೂಡಲೇ ದೊಡ್ಡವರ ತಲೆಯಲ್ಲಿ ಕುಲ ಗೋತ್ರ ಓಡುತ್ತದೆ, ಅಮ್ಮ ಬರೀ ಮಣ್ಣಾಗುತ್ತಾಳೆ. ಹಕ್ಕಿ, ಗೂಡು, ಮೊಟ್ಟೆ ಮಾಡಿ ನೋಡಿದೆವು. ಚಿತ್ರ ಬಹಳ ಚೆಂದ ಬಂದಿತ್ತು. ಕೇಳಿದ ಒಂದು ನಾಲ್ಕು ವರ್ಷದ ಮಗು ಮಾರನೇ ದಿನದಿಂದ ಆಮ್ಲೆಟ್ ಮುಟ್ಟಲಿಲ್ಲವಂತೆ. ಆ ಚಿತ್ರಗಳನ್ನೂ ಎತ್ತಿಟ್ಟೆವು.

ಕೊನೆಗೆ ನಿಂತದ್ದು ಹೆಪ್ಪು. ಮನೆಯಲ್ಲಿ ಹಾಲಿದೆ, ಪಾತ್ರೆ ಇದೆ, ಹೆಪ್ಪಿಗೆ ಮೊಸರಿಲ್ಲ. ಪಕ್ಕದ ಮನೆಯಿಂದ ಒಂದು ಚಮಚ ತರುತ್ತಾರೆ. ಬೆಚ್ಚಗೆ ಮುಚ್ಚಿಡುತ್ತಾರೆ, ಕಾಯುತ್ತಾರೆ. ಬೆಳಗ್ಗೆ ಎದ್ದರೆ ಮೊಸರು ನಮ್ಮ ಮನೆಯದೇ. ಇದನ್ನು ಯಾವ ಅಜ್ಜಿಗೂ ವಿವರಿಸಬೇಕಾಗಿಲ್ಲ. ಈ ಚಿತ್ರವನ್ನು ಕಂಡುಹಿಡಿದದ್ದಕ್ಕೆ ನನಗೆ ಹೆಮ್ಮೆ ಇದೆ, ಮುಚ್ಚುಮರೆ ಇಲ್ಲದೆ ಹೇಳುತ್ತೇನೆ. ತಮ್ಮದೇ ಅಂಡಾಣು, ವೀರ್ಯಾಣು ಇಟ್ಟುಕೊಂಡು ಐವಿಎಫ್ ಮಾಡಿಸಿಕೊಂಡವರ ನಮೂನೆಯಲ್ಲಿ ಹೆಪ್ಪು ತರುವುದೇ ಇಲ್ಲ. ಅಲ್ಲಿ ಚಳಿಗಾಲ, ಮೊಸರು ಕಟ್ಟುತ್ತಿಲ್ಲ. ಪಾತ್ರೆಯನ್ನು ಕೆಲವು ದಿನ ಬೇರೆ ಬೆಚ್ಚನೆ ಜಾಗದಲ್ಲಿ ಇಡುತ್ತಾರೆ. ಎರಡೂ ದಾನಿಗಳದು ಆಗಿರುವ ಮನೆಯ ನಮೂನೆ ಎಲ್ಲಕ್ಕಿಂತ ಕಷ್ಟ ಕೊಟ್ಟಿತು. ಹಾಲೂ ಹೊರಗಿನದು, ಹೆಪ್ಪೂ ಹೊರಗಿನದು. ಅಲ್ಲಿ ಪಾತ್ರೆ, ಒಲೆಯ ಪಕ್ಕದ ಮೂಲೆ, ರಾತ್ರಿ ಎದ್ದೆದ್ದು ನೋಡುವುದು, ಇಷ್ಟರ ಮೇಲೇ ಕತೆ ನಿಲ್ಲಬೇಕಿತ್ತು. ಆ ನಾಲ್ಕು ಪುಟಕ್ಕೇ ಸುಮಾರು ಮೂರು ತಿಂಗಳು ಹಿಡಿಯಿತು.

ಓದಿಸಿ ನೋಡುವಾಗ ಸಿಕ್ಕಿದ್ದು ಬಹಳ. ಒಂದು ಹುಡುಗಿ ಕೇಳಿದಳು: "ಹೆಪ್ಪು ವಾಪಸ್ ಕೊಡಬೇಕಾ?" ಪಕ್ಕದಲ್ಲಿದ್ದ ಅವಳಮ್ಮನ ಮುಖ ನೋಡಿದೆ. ಅವತ್ತೇ ಒಂದು ಸಾಲು ಸೇರಿಸಿದೆ: 'ಹೆಪ್ಪನ್ನು ಯಾರೂ ವಾಪಸ್ ಕೇಳುವುದಿಲ್ಲ.' ಕಾಯ್ದೆಯಲ್ಲಿ ಇರುವುದೂ ಅದೇ. ದಾನಿಗೆ ಮಗುವಿನ ಮೇಲೆ ಯಾವ ಹಕ್ಕೂ ಇಲ್ಲ. ಇನ್ನೊಂದು ಮನೆಯಲ್ಲಿ ಅಜ್ಜಿ ಚಿತ್ರ ನೋಡಿ, "ಏನಮ್ಮಾ, ದೀಪ ಹಚ್ಚಿದ ಮೇಲೆ ಹೆಪ್ಪು ಯಾರು ಕೊಡ್ತಾರೆ?" ಅಂದರು. ನಮ್ಮ ಚಿತ್ರದಲ್ಲಿ ಸಂಜೆ, ದೇವರ ಮನೆಯಲ್ಲಿ ದೀಪ. ಆ ಪುಟವನ್ನು ಪೂರ್ತಿ ಹಗಲು ಮಾಡಿ ಮತ್ತೆ ಬರೆಸಿದೆ. ಹೆಪ್ಪು ತರುವ ನಮೂನೆಗಳಿಗೆಲ್ಲ ಸೇರಿ ಎಂಟು ಸಾವಿರದ ಹತ್ತಿರ ಬಿತ್ತು. ಕೊಟ್ಟದ್ದು ಸಾರ್ಥಕ. ಆ ಅಜ್ಜಿಯ ಮಾತು ತಳ್ಳಿಹಾಕಿದ್ದರೆ ಎಷ್ಟೋ ಮನೆಯಲ್ಲಿ ಪುಸ್ತಕ ಆ ಪುಟದಲ್ಲೇ ಮುಚ್ಚಿಹೋಗುತ್ತಿತ್ತು.

ಯಾಕೆಂದರೆ ಮೂರು ನಾಲ್ಕು ವರ್ಷದ ಮಗು ಓದುವುದಿಲ್ಲ, ಕೇಳುತ್ತದೆ. ಓದುವವರು ಅಮ್ಮ, ಅಪ್ಪ, ಬಹಳ ಮನೆಗಳಲ್ಲಿ ಅಜ್ಜಿ. ನಾನು ಇಡೀ ಪುಸ್ತಕವನ್ನು ಅವರ ಬಾಯಿಗೆ ಕಟ್ಟಿದ್ದೇನೆ. 'ನಾನು ನಿನ್ನ ಅಮ್ಮ' ಅನ್ನುವಂಥ ಸಾಲು ಒಂದೂ ಇಲ್ಲ. ಅಜ್ಜಿ ಓದಿದರೆ ಅದು ತಪ್ಪುತ್ತದೆ. ಅಕ್ಷರ 24 ಪಾಯಿಂಟ್, ಒತ್ತಕ್ಷರ ಕೆಳಗಿನ ಸಾಲಿಗೆ ತಾಗದಷ್ಟು ಜಾಗ. ಗಂಟಲು ಕಟ್ಟುವ ಸಾಲು ಯಾವುದು ಅಂತ ಮನೆಮನೆಯಲ್ಲಿ ಕೂತು ಕೇಳಿಸಿಕೊಂಡೆ. ಅದು ಸಾಮಾನ್ಯವಾಗಿ ಒಂದೇ ಜಾಗದಲ್ಲಿ ಬರುತ್ತಿತ್ತು. ಅಲ್ಲಿ ಪುಟ ತಿರುಗುವಂತೆ ಮಾಡಿದೆ. ಪುಟ ತಿರುಗಿಸುವಷ್ಟರಲ್ಲಿ ಉಸಿರು ತೆಗೆದುಕೊಳ್ಳಬಹುದು. ತಿರುಗಿಸಿದ ಮೇಲೆ ಏನಿದೆ ಅನ್ನುವುದು ಪುಸ್ತಕ ಕೊಂಡವರಿಗೆ ಗೊತ್ತು.

ದಾನಿಯನ್ನು ಹೇಗೆ ಬರೆಯುವುದು? ದೇವತೆ ಥರ ಬರೆದೆವು. ಮಕ್ಕಳು ಅವಳಿಗೆ ನಮಸ್ಕಾರ ಮಾಡಿದರು. ನೆರಳಿನ ಥರ ಬರೆದೆವು. ಹೆದರಿದರು. ಈಗ ಇರುವುದು ಕಾಂಪೌಂಡ್ ಗೋಡೆಯ ಮೇಲಿಂದ ಬಟ್ಟಲು ಚಾಚಿದ ಒಂದು ಕೈ, ಅಷ್ಟೇ. ಅಂಡಾಣು ನಮೂನೆಯಲ್ಲಿ ಹಸಿರು ಗಾಜಿನ ಬಳೆ, ಇನ್ನೊಂದರಲ್ಲಿ ಕೈಗಡಿಯಾರ. ಕಾಯ್ದೆ ಪ್ರಕಾರ ಅಂಡಾಣು ದಾನಿಯ ವಯಸ್ಸು 23ರಿಂದ 35, ಜೀವನದಲ್ಲಿ ಒಂದೇ ಸಲ ಕೊಡಬಹುದು. ಹಾಗಾಗಿ ಅದು ಚಿಕ್ಕ ವಯಸ್ಸಿನ ಕೈ. ಗೆಳತಿ ಬೆರಳುಗಳನ್ನು ಅಷ್ಟು ಎಚ್ಚರದಿಂದ ಬರೆದಿದ್ದಾಳೆ.

ಮಕ್ಕಳಿಗೆ ಅತಿ ಇಷ್ಟವಾದ ಪುಟದಲ್ಲಿ ಚಿತ್ರವೇ ಇಲ್ಲ. ಹೆಣ್ಣಿನ ಅಂಡಾಣು ಸುಮಾರು 0.1 ಮಿಲಿಮೀಟರ್. ಬರಿಗಣ್ಣಿಗೆ ಕಂಡೂ ಕಾಣದ ಹಾಗೆ. ಬಿಳಿ ಪುಟದ ಮೇಲೆ ಅಷ್ಟೇ ದೊಡ್ಡ ಒಂದು ಚುಕ್ಕಿ ಇಟ್ಟು 'ನೀನು ಮೊದಲು ಇಷ್ಟೇ ಇದ್ದೆ, ಹುಡುಕು' ಅಂತ ಬರೆದೆ. ಮೊದಲ ಪ್ರೂಫ್‌ನಲ್ಲಿ ಚುಕ್ಕಿ ಇಲ್ಲ! ಪ್ಲೇಟಿನ ಮೇಲೆ ಧೂಳು ಕೂತಿದೆ ಅಂದುಕೊಂಡು ಮಿಷಿನ್ ಹುಡುಗ ತೆಗೆದುಹಾಕಿದ್ದ. ಎರಡನೇ ಸಲ ನಾನೇ ಪಕ್ಕದಲ್ಲಿ ನಿಂತೆ. ಅಷ್ಟು ಸಣ್ಣದು ನಾಲ್ಕು ಬಣ್ಣದ ಚುಕ್ಕಿಗಳನ್ನು ಸೇರಿಸಿ ಮುದ್ರಿಸಿದರೆ ನಿಲ್ಲುವುದಿಲ್ಲ, ಬರೀ ಕಪ್ಪು ಪ್ಲೇಟಿನಲ್ಲಿ ಗಟ್ಟಿಯಾಗಿ ಇಡಬೇಕು. ಈಗ ಮನೆಗಳಿಂದ ಭೂತಗನ್ನಡಿ ಹಿಡಿದು ಹುಡುಕುವ ಮಕ್ಕಳ ಫೋಟೊ ಬರುತ್ತವೆ.

ಪುರಾಣ ಹಾಕಿ ಅಂತ ಹಿರಿಯರ ಒತ್ತಾಯ ಇತ್ತು. ದ್ರೋಣ ಹುಟ್ಟಿದ್ದು ದೊನ್ನೆಯಲ್ಲಿ, ಕೌರವರು ತುಪ್ಪದ ಕೊಡದಲ್ಲಿ, ಬಲರಾಮ ದೇವಕಿಯ ಹೊಟ್ಟೆಯಿಂದ ರೋಹಿಣಿಯ ಹೊಟ್ಟೆಗೆ ಹೋದವನು. ಒಂದು ಕರಡು ಮಾಡಿಯೂ ನೋಡಿದೆ. ದೊಡ್ಡವರಿಗೆ ಸಮಾಧಾನ ಆಯಿತು. ಮಕ್ಕಳು ಕೊಡ ಎಷ್ಟು, ತುಪ್ಪ ಎಷ್ಟು ಅಂತ ಎಣಿಸುತ್ತಾ ಕೂತರು, ತಮ್ಮ ಕತೆ ಅಂತ ಅವರಿಗೆ ಅನ್ನಿಸಲೇ ಇಲ್ಲ. ಬದಲಿಗೆ ಹಿಂಬದಿ ರಕ್ಷಾಪುಟದ ಒಳಗೆ ದೊಡ್ಡವರಿಗಾಗಿ ನಾಲ್ಕು ಸಾಲು ಹಾಕಿದ್ದೇನೆ. 1978ರ ಅಕ್ಟೋಬರ್ 3ರಂದು ಕೋಲ್ಕತ್ತದಲ್ಲಿ ಡಾ. ಸುಭಾಷ್ ಮುಖೋಪಾಧ್ಯಾಯರ ಪ್ರಯತ್ನದಿಂದ ನಮ್ಮ ದೇಶದ ಮೊದಲ ಐವಿಎಫ್ ಮಗು ದುರ್ಗಾ ಹುಟ್ಟಿದಳು. ಇಂಗ್ಲೆಂಡಿನಲ್ಲಿ ಜಗತ್ತಿನ ಮೊದಲ ಐವಿಎಫ್ ಮಗು ಲೂಯಿಸ್ ಬ್ರೌನ್ ಹುಟ್ಟಿ ಆಗಿನ್ನೂ ಮೂರು ತಿಂಗಳೂ ಆಗಿರಲಿಲ್ಲ. 'ಇದೆಲ್ಲ ಈಗಿನ ಹೊಸ ಹುಚ್ಚು' ಅನ್ನುವ ತಾತಂದಿರು ಇದನ್ನು ಓದಿ ಸುಮ್ಮನಾಗುತ್ತಾರೆ.

ದುಡ್ಡಿನ ಲೆಕ್ಕ ನೆನಪಿನಿಂದ ಹೇಳುತ್ತೇನೆ. ಚಿತ್ರಕ್ಕೆ ಎಪ್ಪತ್ತು ಸಾವಿರ. ಸಾವಿರ ಪ್ರತಿಗೆ ಕಾಗದ, ಪ್ಲೇಟು, ಮುದ್ರಣ, ಪಿನ್ ಎಲ್ಲ ಸೇರಿ ಅರವತ್ತು ಸಾವಿರದ ಮೇಲೆ. ಡಮ್ಮಿ, ಪ್ರೂಫ್, ರದ್ದಿಗೆ ಹೋದದ್ದು, ಮತ್ತೆ ಬರೆಸಿದ್ದು ಇಪ್ಪತ್ತೈದು. ಒಂದೂವರೆ ಲಕ್ಷ ದಾಟಿತು. ಬೆಲೆ 250 ರೂಪಾಯಿ. ಅಂಗಡಿಯವರು ಅರ್ಧದ ಹತ್ತಿರ ಕೇಳುತ್ತಾರೆ, ಅಷ್ಟು ಕೊಟ್ಟರೆ ಉಳಿಯುವುದು ಏನೂ ಇಲ್ಲ. ಒಂದು ಆಸ್ಪತ್ರೆಯವರು ಐನೂರು ಪ್ರತಿ ಒಟ್ಟಿಗೆ ತೆಗೆದುಕೊಳ್ಳುತ್ತೇವೆ, ಚಿತ್ರದಲ್ಲಿ ನಮ್ಮ ಕಟ್ಟಡ ಮತ್ತು ಲೋಗೊ ಬರಬೇಕು ಅಂದರು. ಆಗ ಕೈಯಲ್ಲಿ ದುಡ್ಡೇ ಇರಲಿಲ್ಲ, ಆದರೂ ಬೇಡ ಅಂದೆ. ಮಗುವಿನ ಹುಟ್ಟಿನ ಕತೆಯಲ್ಲಿ ಜಾಹೀರಾತು ಸೇರಬಾರದು. ಕೆಲವು ಕೌನ್ಸೆಲರ್‌ಗಳ ಮೂಲಕ, ಆಮೇಲೆ ಒಬ್ಬ ಅಮ್ಮ ಇನ್ನೊಬ್ಬ ಅಮ್ಮನಿಗೆ ಹೇಳಿ ಹೇಳಿಯೇ ಪುಸ್ತಕ ಹೋಯಿತು. ಲಕೋಟೆಯ ಮೇಲೆ ನನ್ನ ಹೆಸರು ಮಾತ್ರ. ಏಳುನೂರು ಪ್ರತಿ ಹೋಗುವ ಹೊತ್ತಿಗೆ ಹಾಕಿದ ದುಡ್ಡು ವಾಪಸ್ ಬಂದಿತ್ತು. ಬೇಡ ಅಂದಿದ್ದ ಪ್ರಕಾಶಕರು ಈಗ ಒಟ್ಟಿಗೆ ಮಾಡೋಣ ಅನ್ನುತ್ತಿದ್ದಾರೆ. ಸದ್ಯಕ್ಕೆ ನಾನೇ ನೋಡಿಕೊಳ್ಳುತ್ತೇನೆ.

ಮೊದಲ ಮುದ್ರಣದ ನಾಲ್ಕು ನಮೂನೆ ಒಂದೇ ಸಮ ಖರ್ಚಾಗಲಿಲ್ಲ. ಅಂಡಾಣುವಿನದು ಮೊದಲು ಮುಗಿಯಿತು. ವೀರ್ಯಾಣುವಿನದು ಈಗಲೂ ಇದೆ. ಅಪ್ಪಂದಿರು ಇನ್ನೂ ಹಿಂದೆ ಮುಂದೆ ನೋಡುತ್ತಾರೆ. ಅಂಥವರು ಕೇಳಿದಾಗ ಕೇಂಬ್ರಿಡ್ಜ್‌ನ ಸೂಸನ್ ಗೋಲೊಂಬೋಕ್ ತಂಡದ ಅಧ್ಯಯನದ ಬಗ್ಗೆ ಹೇಳುತ್ತೇನೆ. ಬೇರೆಯವರ ನೆರವಿನಿಂದ ಹುಟ್ಟಿದ ಮಕ್ಕಳನ್ನು 20 ವರ್ಷದವರೆಗೆ ನೋಡಿಕೊಂಡು ಬಂದ ಅಧ್ಯಯನ ಅದು. ಏಳು ವರ್ಷದೊಳಗೆ ವಿಷಯ ತಿಳಿದವರ ಮನೆಯಲ್ಲಿ ಸಂಬಂಧ ಹೆಚ್ಚು ಚೆನ್ನಾಗಿತ್ತು. ಈಗ ಅಪ್ಪಂದಿರೂ ಒಬ್ಬೊಬ್ಬರೇ ಬರುತ್ತಿದ್ದಾರೆ. ಎರಡನೇ ಮುದ್ರಣದಲ್ಲಿ ನಡುಹಾಳೆಯ ಶೀಟಿನ ನಾಲ್ಕು ಜಾಗದಲ್ಲಿ ಅಂಡಾಣುವಿಗೆ ಎರಡು, ಎರಡೂ ದಾನಿಗಳದಕ್ಕೆ ಒಂದು, ಒಬ್ಬರೇ ಅಮ್ಮ ಇರುವ ಮನೆಗೆ ಹೊಸದಾಗಿ ಒಂದು ಕೊಟ್ಟೆ. ಉಳಿದ ಹಳೆಯ ನಡುಹಾಳೆಗಳನ್ನು ಹೊಸ ಹೊರಪುಟದೊಳಗೆ ಹಾಕಿ ಪಿನ್ ಹೊಡೆಸುತ್ತಿದ್ದೇನೆ. ಬಿಳಿ ಅಂಚು ಬಿಟ್ಟದ್ದು ಇಲ್ಲೂ ಉಪಯೋಗಕ್ಕೆ ಬಂತು.

ಮೂರನೇ ಮುದ್ರಣಕ್ಕೆ ಕೆಲಸ ಶುರುವಾಗಿದೆ. ಅವಳಿ ಮಕ್ಕಳ ಮನೆಯವರು ತೊಟ್ಟಿಲ ಪುಟದ ಮೇಲೆ ಇನ್ನೊಂದು ಮಗುವನ್ನು ಕತ್ತರಿಸಿ ಅಂಟಿಸಿಕೊಳ್ಳುತ್ತಿದ್ದಾರೆ. ಹಾಗಾಗಿ ತೊಟ್ಟಿಲನ್ನು ಸಾಮಾನ್ಯ ಪುಟದಿಂದ ತೆಗೆದು 12ನೇ ಪುಟಕ್ಕೆ ತರಬೇಕು. ಗೆಳತಿ ಎರಡು ತೊಟ್ಟಿಲ ಪೆನ್ಸಿಲ್ ಕರಡು ಕಳಿಸಿದ್ದಾಳೆ. ಈ ಸಲ ಕಾಗದದ ದರ ಕೇಳಿ ಬೆಲೆಯನ್ನು 280 ಮಾಡಬೇಕಾಗಬಹುದು.