ಸ್ಪಿತಿ ಕಣಿವೆಯಲ್ಲಿ ಒಂಬತ್ತು ದಿನ, ಮಾರ್ಗದರ್ಶಕನ ಹಿಂದೆ

ತೀರ್ಥಹಳ್ಳಿಯಲ್ಲಿ ಹುಟ್ಟಿ, ಇಪ್ಪತ್ತು ವರ್ಷಗಳಿಂದ ಆಗುಂಬೆ ಘಾಟಿಯ ಹದಿನಾಲ್ಕು ತಿರುವುಗಳನ್ನು ಮಳೆಯಲ್ಲೂ ಮಂಜಿನಲ್ಲೂ ಹತ್ತಿ ಇಳಿದ ನನಗೆ, ಹಣ ಕೊಟ್ಟು ಇನ್ನೊಬ್ಬನ ಹಿಂದೆ ಬೈಕ್ ಓಡಿಸುವ ವಿಚಾರ ಮೊದಲಿಗೆ ರುಚಿಸಿರಲಿಲ್ಲ. 2022ರ ಸೆಪ್ಟೆಂಬರ್ ಮೊದಲ ವಾರದಲ್ಲಿ ಹಿಮಾಚಲದ ಶಿಮ್ಲಾದಿಂದ ಹೊರಟು, ಕಿನ್ನೌರ್ ಮತ್ತು ಸ್ಪಿತಿಯನ್ನು ಹಾದು, ಕುಂಜುಮ್ ಲಾ (ಲಾ ಎಂದರೆ ಬೆಟ್ಟಗಳ ನಡುವಿನ ಎತ್ತರದ ದಾರಿ) ದಾಟಿ ಮನಾಲಿಗೆ ಇಳಿಯುವ ಒಂಬತ್ತು ದಿನಗಳ ಪ್ರವಾಸಕ್ಕೆ ನಾನು ಸೇರಿದ್ದು ಭಾವಮೈದನ ಒತ್ತಾಯದಿಂದ. “ಭಾವ, ಅವರು ಇರೋದು ದಾರಿ ತೋರಿಸೋದಕ್ಕಲ್ಲ, ಗಾಡಿ ಕೆಟ್ಟರೆ ನೋಡಿಕೊಳ್ಳೋದಕ್ಕೆ” ಎಂದು ಅವನು ಸಮಾಧಾನ ಹೇಳಿದ್ದ. ಅವನ ಎಣಿಕೆಯೂ ಪೂರ್ತಿ ಸರಿಯಾಗಿರಲಿಲ್ಲ. ಗಾಡಿ ಕೆಟ್ಟದ್ದು ಎರಡೇ ಸಲ. ನಾವು ಕೊಟ್ಟ ಹಣದ ಹೆಚ್ಚಿನ ಪಾಲು ಸಂದದ್ದು, ಆ ಮಾರ್ಗದರ್ಶಕ ನಮ್ಮನ್ನು ನಿಧಾನಿಸಿದ್ದಕ್ಕೆ ಮತ್ತು ಕೆಲವೆಡೆ ಖಡಾಖಂಡಿತವಾಗಿ ‘ಬೇಡ’ ಎಂದದ್ದಕ್ಕೆ.

ಶಿಮ್ಲಾದಿಂದ ಮನಾಲಿಗೋ, ಮನಾಲಿಯಿಂದ ಶಿಮ್ಲಾಕ್ಕೋ ಎಂಬ ಮೊದಲ ತೀರ್ಮಾನವನ್ನೇ ಪ್ರವಾಸ ನಡೆಸುವವರು ನಮಗೆ ಬಿಡಲಿಲ್ಲ. ಮನಾಲಿ ಇರುವುದು ಸುಮಾರು 2,000 ಮೀಟರ್ ಎತ್ತರದಲ್ಲಿ. ಅಲ್ಲಿಂದ ಬೆಳಿಗ್ಗೆ ಹೊರಟವರು ಅದೇ ದಿನ 4,551 ಮೀಟರಿನ ಕುಂಜುಮ್ ಲಾ ದಾಟಿ ರಾತ್ರಿ ಕಾಜಾದಲ್ಲಿ ಮಲಗಬೇಕಾಗುತ್ತದೆ, ದೇಹ ಒಗ್ಗಿಕೊಳ್ಳಲು ಪುರುಸೊತ್ತೇ ಇರುವುದಿಲ್ಲ. ಶಿಮ್ಲಾ ಕಡೆಯಿಂದಾದರೆ ನಾರ್ಕಂಡಾ 2,700, ಸಾಂಗ್ಲಾ ಹೆಚ್ಚುಕಡಿಮೆ ಅಷ್ಟೇ, ಕಲ್ಪಾ 2,960, ನಾಕೋ 3,660 ಎಂದು ಮೆಟ್ಟಿಲು ಹತ್ತಿದಂತೆ ಏರಿ, ತಾಬೋದಲ್ಲಿ 3,280ಕ್ಕೆ ಒಂದು ಮೆಟ್ಟಿಲು ಇಳಿದು, ಆಮೇಲೆ ಕಾಜಾ ಮುಟ್ಟಬಹುದು. ಕುಂಜುಮ್ ಎದುರಾಗುವುದು ಒಂಬತ್ತನೆಯ ದಿನ. ಎತ್ತರದ ಕಾಯಿಲೆಗೆ ಮಾತ್ರೆಗಳಿವೆ, ಊರಿನ ವೈದ್ಯರನ್ನು ಕೇಳಿ ನಾನೂ ಒಯ್ದಿದ್ದೆ. ಆದರೆ ಹೀಗೆ ದಿನಗಳನ್ನು ಹಂಚಿಕೊಂಡದ್ದರಿಂದ ಆ ಪೊಟ್ಟಣವನ್ನು ಬಿಚ್ಚದೆಯೇ ವಾಪಸು ತಂದೆ.

ಗಾಡಿಯ ವಿಷಯ. ನನಗೆ ಸಿಕ್ಕಿದ್ದು 411 ಸಿಸಿಯ ರಾಯಲ್ ಎನ್‌ಫೀಲ್ಡ್ ಹಿಮಾಲಯನ್. ಡಾಂಬರಿಗೂ ಮಣ್ಣಿಗೂ ಒಗ್ಗುವ, ಡ್ಯುಯಲ್ ಸ್ಪೋರ್ಟ್ ಎಂದು ಕರೆಯುವ ಜಾತಿಯ ಬೈಕು ಇದು: ಮುಂದೆ 21 ಇಂಚಿನ ದೊಡ್ಡ ಚಕ್ರ, ಹಿಂದೆ 17 ಇಂಚಿನದು, ಹೊಟ್ಟೆಯಡಿ 220 ಮಿಲಿಮೀಟರ್ ತೆರವು, 15 ಲೀಟರಿನ ಟ್ಯಾಂಕು. ಸೀಟಿನ ಎತ್ತರ 800 ಮಿಲಿಮೀಟರ್ ಆದ್ದರಿಂದ ನನ್ನಂಥ ಕುಳ್ಳರ ಕಾಲೂ ನೆಲಕ್ಕೆ ತಾಗುತ್ತದೆ. ಎಲ್ಲ ಸರಿ, ತೂಕ ಮಾತ್ರ 199 ಕೆಜಿ. ಭಾವಮೈದ ಮೊದಲೇ ಯೋಚಿಸಿ, ಸುಮಾರು 40 ಕೆಜಿ ಹಗುರವಾದ ಹೀರೋ ಎಕ್ಸ್‌ಪಲ್ಸ್ 200 ಕೇಳಿ ಪಡೆದಿದ್ದ. “ಅಷ್ಟು ಸಣ್ಣ ಎಂಜಿನ್ ಬೆಟ್ಟ ಹತ್ತೀತೇನೋ?” ಎಂದು ನಾನು ನಕ್ಕಿದ್ದು ನೆನಪಿದೆ, ನೆನೆದಾಗಲೆಲ್ಲ ಸ್ವಲ್ಪ ನಾಚಿಕೆಯಾಗುತ್ತದೆ.

ನಾವು ಸವಾರರು ಎಂಟು ಮಂದಿ. ಮುಂದೆ ಲೀಡ್, ಅಂದರೆ ಮಾರ್ಗದರ್ಶಕ, ಸ್ಪಿತಿಯವನೇ, ಮೂವತ್ತೈದರ ಆಸುಪಾಸಿನ ಮಿತಭಾಷಿ. ಕೊನೆಯಲ್ಲಿ ಸ್ವೀಪ್, ಅವನ ಹಿಂದೆ ಯಾರೂ ಇರಕೂಡದು. ಅದಕ್ಕೂ ಹಿಂದೆ ಸಾಮಾನು, ಬಿಡಿಭಾಗ, ಮೆಕ್ಯಾನಿಕ್ ಮತ್ತು ಒಂದು ಹೆಚ್ಚುವರಿ ಬೈಕನ್ನು ಹೊತ್ತ ಪಿಕಪ್. ದಾರಿ ಕವಲೊಡೆಯುವಲ್ಲಿ ಲೀಡ್‌ನ ಹಿಂದಿರುವ ಸವಾರ ನಿಂತು ಉಳಿದವರಿಗೆ ಕೈ ತೋರಿಸಬೇಕು, ಸ್ವೀಪ್ ಬಂದ ಮೇಲಷ್ಟೇ ಹೊರಡಬೇಕು. ಈ ಒಂದು ಪದ್ಧತಿಯಿಂದ ಮೊಬೈಲ್ ಸಿಗ್ನಲ್ ಇಲ್ಲದ ಕಡೆಯೂ ಒಬ್ಬರೂ ತಪ್ಪಲಿಲ್ಲ, ಯಾರೂ ಮುಂದಿನವನನ್ನು ಹಿಡಿಯಲೆಂದು ಜೋರಾಗಿ ಓಡಿಸಬೇಕಾಗಲೂ ಇಲ್ಲ. ಕನ್ನಡಿಯಲ್ಲಿ ಹಿಂದಿನವನ ದೀಪ ಕಾಣದಿದ್ದರೆ ನಿಧಾನಿಸು, ಆಮೇಲೂ ಕಾಣದಿದ್ದರೆ ನಿಲ್ಲು ಎಂಬುದು ಇನ್ನೊಂದು ನಿಯಮ. ಲೀಡ್ ಅನ್ನು ಹಿಂದಿಕ್ಕಿದವರು ಉಳಿದ ದಾರಿಯನ್ನು ಪಿಕಪ್‌ನಲ್ಲಿ ಕುಳಿತು ನೋಡಬಹುದು ಎಂದು ಅವನು ಮೊದಲ ದಿನವೇ ನಗುತ್ತ ಹೇಳಿದ್ದ. ಆ ನಗುವನ್ನು ಯಾರೂ ಪರೀಕ್ಷಿಸಲು ಹೋಗಲಿಲ್ಲ.

ಶಿಮ್ಲಾದಿಂದ ನಾರ್ಕಂಡಾಕ್ಕೆ ಅರವತ್ತೇ ಕಿಲೋಮೀಟರ್. ಮೊದಲ ದಿನವನ್ನು ಇಷ್ಟು ಸಣ್ಣದಾಗಿ ಇಟ್ಟದ್ದೇಕೆಂದು ಮಧ್ಯಾಹ್ನ ತಿಳಿಯಿತು: ಊರಾಚೆಯ ಜಲ್ಲಿ ಮಣ್ಣಿನ ಬಯಲಿನಲ್ಲಿ ಮೂರು ಗಂಟೆ ತಾಲೀಮು. ಕಾಲಿಡುವ ಫುಟ್‌ಪೆಗ್ ಮೇಲೆ ಎದ್ದು ನಿಂತು, ಮೊಣಕಾಲುಗಳಿಂದ ಟ್ಯಾಂಕನ್ನು ಒತ್ತಿ ಹಿಡಿದು, ಹ್ಯಾಂಡಲ್ ಮೇಲಿನ ಹಿಡಿತವನ್ನು ಸಡಿಲಬಿಟ್ಟು, ಮುಂಚಕ್ರ ತನಗೆ ಬೇಕಾದಂತೆ ಅತ್ತಿತ್ತ ತೂಗಾಡಲು ಬಿಡಬೇಕು. ಘಾಟಿಯ ಸವಾರಿಯಲ್ಲಿ ಸೀಟಿಗೆ ಅಂಟಿ, ಹ್ಯಾಂಡಲನ್ನು ಬಿಗಿ ಹಿಡಿದು ಅಭ್ಯಾಸವಾದ ನನಗೆ ಇದೇ ಎಲ್ಲಕ್ಕಿಂತ ಕಷ್ಟವಾಯಿತು. ನಮ್ಮ ಕಡೆ ಮಳೆಯಲ್ಲಿ ನೆನೆದ ಕೆಂಪು ಮಣ್ಣು ಚಕ್ರಕ್ಕೆ ಮೆತ್ತಿಕೊಂಡು ಜಾರಿಸುತ್ತದೆ. ಇಲ್ಲಿಯ ಜಲ್ಲಿ ಚಕ್ರದಡಿ ಉರುಳುತ್ತದೆ, ಮುಂದಿನ ಬ್ರೇಕನ್ನು ಒಮ್ಮೆ ಬಿಗಿ ಒತ್ತಿದರೆ ಮುಗಿಯಿತು. ಬ್ರೇಕ್ ಒತ್ತಿದಾಗ ಚಕ್ರ ಬಿಗಿದು ನಿಲ್ಲದಂತೆ ತಡೆಯುವ ಎಬಿಎಸ್ ಅನ್ನು ಹಿಂಚಕ್ರಕ್ಕೆ ಆಫ್ ಮಾಡಿ, ಇಳಿಜಾರಿನಲ್ಲಿ ಹಿಂದಿನ ಬ್ರೇಕನ್ನೂ ಎರಡನೇ ಗೇರನ್ನೂ ನೆಚ್ಚಿ ಇಳಿಯುವುದನ್ನು ಲೀಡ್ ಹತ್ತಾರು ಸಲ ಮಾಡಿಸಿದ. ಕಡೆಗೆ ಬೈಕನ್ನು ಬೇಕೆಂದೇ ಮಲಗಿಸಿ ಎತ್ತಿಸಿದ. ಸೀಟಿಗೆ ಬೆನ್ನು ಕೊಟ್ಟು ಕುಕ್ಕರಿಸಿ, ಒಂದು ಕೈ ಹ್ಯಾಂಡಲ್ ತುದಿಯಲ್ಲಿ, ಇನ್ನೊಂದು ಹಿಂದಿನ ಹಿಡಿಯಲ್ಲಿಟ್ಟು, ಸೊಂಟದ ಬದಲು ಕಾಲಿನ ಬಲದಿಂದ ಹಿಂದಕ್ಕೆ ನಡೆಯುತ್ತ ಏಳಿಸಬೇಕು. ಕಲಿಸಿದ ಮೇಲೆ, “ಮೇಲೆ ಹೋದಾಗ ಇದನ್ನು ಒಬ್ಬರೇ ಮಾಡಬೇಡಿ” ಎಂದ. ನಾಲ್ಕು ಸಾವಿರ ಮೀಟರಿನಲ್ಲಿ ಒಂದು ಸಲ ಎತ್ತಿದರೆ ಹತ್ತು ನಿಮಿಷ ಏದುಸಿರು ಬಿಡಬೇಕಾಗುತ್ತದೆ ಎಂಬುದು ಆಮೇಲೆ ಸ್ವತಃ ಗೊತ್ತಾಯಿತು.

ರಾಂಪುರದಿಂದ ಮುಂದೆ ಸಟ್ಲೆಜ್ ಪಕ್ಕದ ಹಿಂದೂಸ್ತಾನ್–ಟಿಬೆಟ್ ರಸ್ತೆಯಲ್ಲಿ ಡಾಂಬರು ಚೆನ್ನಾಗಿಯೇ ಇದ್ದರೂ, ಈ ಹಾದಿಯ ನಿಜವಾದ ಅಪಾಯ ಇರುವುದು ಇಲ್ಲಿಯೇ. ಸೆಪ್ಟೆಂಬರ್ ಸೇಬಿನ ಕಾಲ. ಪೆಟ್ಟಿಗೆ ತುಂಬಿದ ಲಾರಿಗಳು ಪ್ರತಿ ತಿರುವಿನಲ್ಲೂ ರಸ್ತೆಯ ಮುಕ್ಕಾಲು ಪಾಲನ್ನು ನುಂಗಿಕೊಂಡು ಬರುತ್ತವೆ. ತರಂಡಾ ಬಳಿ ರಸ್ತೆಯನ್ನು ಬಂಡೆಯ ಹೊಟ್ಟೆಯೊಳಗೇ ಕೊರೆದಿದ್ದಾರೆ, ತಲೆಯ ಮೇಲೂ ಬಂಡೆ. ಅದರ ಹತ್ತಿರದ ನಿಗುಲ್ಸರಿಯಲ್ಲಿ 2021ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಬಸ್ಸೊಂದನ್ನು ಹುಗಿದಿತ್ತು. ಕಲ್ಲು ಬೀಳುವ ಜಾಗಗಳ ಫಲಕ ಕಂಡಲ್ಲಿ ಫೋಟೋಕ್ಕಾಗಿ ನಿಲ್ಲುವಂತಿಲ್ಲ. ಒಬ್ಬರು ದಾಟಿ ಆಚೆ ನಿಂತ ಮೇಲೆ ಇನ್ನೊಬ್ಬರು ಹೊರಡಬೇಕು. ಇಳಿಜಾರಿನಲ್ಲಿ ಸಣ್ಣ ಧೂಳು ಏಳುವುದು ಕಂಡರೂ ಲೀಡ್ ಕೈಯೆತ್ತಿ ಎಲ್ಲರನ್ನೂ ತಡೆಯುತ್ತಿದ್ದ. ಹೀಗೆ ಒಂದು ಕಡೆ ಇಪ್ಪತ್ತು ನಿಮಿಷ ನಿಂತೆವು, ಏನೂ ಬೀಳಲಿಲ್ಲ, ನಮ್ಮಲ್ಲಿಬ್ಬರು ಗೊಣಗಿದರು, ಅವನು ಕಿವಿಗೆ ಹಾಕಿಕೊಳ್ಳಲಿಲ್ಲ.

ಸಾಂಗ್ಲಾ, ಛಿತ್ಕುಲ್, ಕಲ್ಪಾಗಳ ಬಗ್ಗೆ ಬರೆದವರು ಬಹಳ ಮಂದಿ ಇರುವುದರಿಂದ ಅವುಗಳನ್ನು ಬಿಡುತ್ತೇನೆ. ಪೆಟ್ರೋಲಿನ ಒಂದು ಮಾತು ಮಾತ್ರ ಹೇಳಬೇಕು: ರೆಕಾಂಗ್ ಪಿಯೋ ಕೆಳಗಿನ ಪೊವಾರಿಯಲ್ಲಿ ಟ್ಯಾಂಕ್ ತುಂಬಿಸಿದರೆ ಮುಂದೆ ನೆಚ್ಚಿಕೊಳ್ಳಬಹುದಾದ ಬಂಕು ಕಾಜಾದ್ದು, ಅಲ್ಲಿಂದಾಚೆ ಮನಾಲಿಯವರೆಗಿನ ಸುಮಾರು ಇನ್ನೂರು ಕಿಲೋಮೀಟರಿಗೂ ಅದೇ ಆಧಾರ. ಖಾಬ್‌ನಲ್ಲಿ ಸ್ಪಿತಿ ನದಿ ಸಟ್ಲೆಜ್‌ಗೆ ಸೇರುವ ಸೇತುವೆ ದಾಟಿದೊಡನೆ ಮರಗಳೆಂಬುವು ಮುಗಿದು, ಬರಿಯ ಮಣ್ಣು ಕಲ್ಲಿನ ಬೆಟ್ಟದ ಮೈಯಲ್ಲಿ ರಸ್ತೆ ಹಾವಿನಂತೆ ಸುತ್ತಿ ನಾಕೋಗೆ ಏರುತ್ತದೆ. ಆ ರಾತ್ರಿ ತಂಡದಲ್ಲಿ ಮೂವರಿಗೆ ತಲೆನೋವು. ಲೀಡ್ ಎಲ್ಲರ ಕೈಬೆರಳಿಗೂ ಆಕ್ಸಿಮೀಟರ್ ಸಿಕ್ಕಿಸಿ ಅಂಕಿ ಬರೆದುಕೊಂಡ, ಊಟಕ್ಕೆ ಬಿಸಿ ಥುಕ್ಪಾ (ನೂಡಲ್ಸ್ ಸೂಪು) ಮಾತ್ರ ಸಾಕೆಂದ, ಮದ್ಯದ ಬಾಟಲಿ ಒಯ್ದಿದ್ದವರಿಂದ ಅದನ್ನು ಇಸಕೊಂಡು ಪಿಕಪ್‌ನಲ್ಲಿಟ್ಟು ಬೀಗ ಹಾಕಿದ. ಮರುದಿನ ತಾಬೋಗೆ ಇಳಿದ ಮೇಲೆ, ಕ್ರಿ.ಶ. 996ರಲ್ಲಿ ಕಟ್ಟಿದ ಆ ಮಣ್ಣಿನ ಬೌದ್ಧ ವಿಹಾರದ ನಸುಗತ್ತಲೆಯಲ್ಲಿ ಕುಳಿತಿದ್ದಾಗ, ನನ್ನ ತಲೆಭಾರ ಇಳಿದದ್ದು ಗೊತ್ತಾಗುವಂತಿತ್ತು. ಅದರಲ್ಲಿ ವಿಹಾರದ ಪಾಲೆಷ್ಟು, ಕಡಿಮೆಯಾದ ನಾನೂರು ಮೀಟರಿನ ಪಾಲೆಷ್ಟು ಎಂಬ ಲೆಕ್ಕ ನಾನು ಹಾಕಲಿಲ್ಲ.

ಕಾಜಾದಲ್ಲಿ ಎರಡು ರಾತ್ರಿ. ನಡುವಿನ ದಿನ ಸಾಮಾನೆಲ್ಲ ಕೋಣೆಯಲ್ಲಿ ಬಿಟ್ಟು, ಹಗುರಾದ ಗಾಡಿಗಳಲ್ಲಿ ಲಾಂಗ್ಝಾ, 1983ರಿಂದ ಅಂಚೆ ಕಚೇರಿ ನಡೆಯುತ್ತಿರುವ ಹಿಕ್ಕಿಂ, 4,587 ಮೀಟರಿನ ಕೋಮಿಕ್ ಸುತ್ತಿ ಬಂದೆವು. ಆ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದಲ್ಲಿರುವುದರ ಶೇ. 60ಕ್ಕಿಂತ ಕಡಿಮೆ. ಫ್ಯೂಯೆಲ್ ಇಂಜೆಕ್ಷನ್ ಇರುವ ಎಂಜಿನ್ ಅದಕ್ಕೆ ತಕ್ಕಂತೆ ಪೆಟ್ರೋಲನ್ನು ಇಳಿಸಿಕೊಂಡು ಕೆಮ್ಮದೆ ಓಡುತ್ತದೆ, ಆದರೆ ಬಲ ಕುಂದುವುದನ್ನು ತಡೆಯಲಾರದು. 24 ಅಶ್ವಶಕ್ತಿಯ ಗಾಡಿ ಅಲ್ಲಿ ಹಳೆಯ ನೂರೈವತ್ತು ಸಿಸಿಯದರಂತೆ ವರ್ತಿಸುತ್ತದೆ. ಮೂರನೇ ಗೇರಿನಲ್ಲಿ ಹತ್ತುವೆನೆಂದು ಹಟ ಹಿಡಿದು ತಿರುವಿನ ಮಧ್ಯೆ ಗಾಡಿ ನಿಲ್ಲಿಸಿಕೊಂಡದ್ದು ನಾನು. ತಿರುವಿಗೆ ಮುಂಚೆಯೇ ಗೇರ್ ಇಳಿಸಬೇಕು, ತಿರುವಿನೊಳಗೆ ಕ್ಲಚ್ ಮುಟ್ಟಬಾರದು ಎಂಬ ಪಾಠವನ್ನು ಲೀಡ್ ಮತ್ತೆ ಹೇಳಿದ. ಸಂಜೆ ದಿನವೂ ಚೈನಿಗೆ ಎಣ್ಣೆ, ಸ್ಪೋಕ್‌ಗಳನ್ನು ಬಡಿದು ನೋಡುವುದು, ಧೂಳು ತುಂಬಿದ ಏರ್ ಫಿಲ್ಟರ್ ಕೊಡವುವುದು. ಮೆಕ್ಯಾನಿಕ್ ಇದ್ದರೂ ಇದನ್ನು ನಾವೇ ಮಾಡಬೇಕಿತ್ತು, ಅವನು ತಪಾಸಣೆ ಮಾತ್ರ ಮಾಡುತ್ತಿದ್ದ.

ಎಂಟನೆಯ ರಾತ್ರಿ ಲೋಸರ್‌ನಲ್ಲಿ. ಇಲ್ಲಿ ಸ್ವಲ್ಪ ಜಗಳವಾಯಿತು. ಮೂವರಿಗೆ ಚಂದ್ರತಾಲ್ ಸರೋವರ ನೋಡಲೇಬೇಕಿತ್ತು, ಹಾದಿಯಿಂದ ಹತ್ತಾರು ಕಿಲೋಮೀಟರ್ ಒಳಗಷ್ಟೇ ಇದೆಯೆಂಬುದು ಅವರ ವಾದ. ಲೀಡ್ ಒಪ್ಪಲಿಲ್ಲ. ಬಾತಲ್‌ನಿಂದ ಗ್ರಾಂಫೂವರೆಗಿನ ಸುಮಾರು ಐವತ್ತು ಕಿಲೋಮೀಟರಿನಲ್ಲಿ ರಸ್ತೆಯನ್ನು ಅಡ್ಡಹಾಯುವ ನಾಲಾಗಳೆಲ್ಲ ಹಿಮನದಿ ಕರಗಿ ಬರುವ ನೀರು. ರಾತ್ರಿಯ ಚಳಿಗೆ ಕರಗುವುದು ನಿಂತು ಬೆಳಿಗ್ಗೆ ಮೀನಖಂಡದವರೆಗಿದ್ದದ್ದು, ಬಿಸಿಲೇರಿದ ಮೇಲೆ ಮಧ್ಯಾಹ್ನ ಮೊಣಕಾಲು ದಾಟುತ್ತದೆ. ಸರೋವರಕ್ಕೆ ಹೋದರೆ ಆ ನಾಲಾಗಳಿಗೆ ನಾವು ತಲುಪುವುದು ಮೂರು ಗಂಟೆಗೆ. ಮುಂಗಡ ಕೊಟ್ಟವರು ನಾವು ಎಂಬ ಮಾತೂ ಬಂತು. ಅವನು ಅದಕ್ಕೂ ಬಗ್ಗದೆ, ಬೆಳಿಗ್ಗೆ ಆರಕ್ಕೆ ಹೊರಡುವುದು ಎಂದಷ್ಟೇ ಹೇಳಿ ಮಲಗಲು ಹೋದ.

ಆರಕ್ಕೆ ಹೊರಟೆವು. ಕುಂಜುಮ್‌ನಲ್ಲಿ ದೇವಿಯ ಗುಡಿಗೆ ಪ್ರದಕ್ಷಿಣೆ ಹಾಕಿ, ಬೆರಳು ಮರಗಟ್ಟಿದ ಕೈಗಳನ್ನು ಎಂಜಿನ್ನಿನ ಬಿಸಿಗೆ ಹಿಡಿದು, ಬಾತಲ್‌ಗೆ ಇಳಿದು ಚಹಾ ಕುಡಿದೆವು. ಅಲ್ಲಿ ಮೆಕ್ಯಾನಿಕ್ ಟಯರಿನ ಗಾಳಿಯ ಒತ್ತಡವನ್ನು ಮುಂದೆ 22, ಹಿಂದೆ 24 ಪಿಎಸ್‌ಐಗೆ ಇಳಿಸಿದ. ಇನ್ನೂ ಇಳಿಸಬಾರದೇ ಎಂದು ಕೇಳಿದ್ದಕ್ಕೆ, ಒಳಗಿರುವುದು ಟ್ಯೂಬ್, ಕಲ್ಲಿಗೂ ರಿಮ್ಮಿಗೂ ನಡುವೆ ಸಿಕ್ಕಿ ಕಚ್ಚಿಸಿಕೊಳ್ಳುತ್ತದೆ ಎಂದ. ಅಲ್ಲಿಂದ ಮುಂದಿನದನ್ನು ರಸ್ತೆ ಎನ್ನುವುದಕ್ಕಿಂತ ಚಂದ್ರಾ ನದಿಯ ಪಕ್ಕದ ಒಣಗಿದ ಹೊಳೆಪಾತ್ರ ಎನ್ನುವುದು ಸರಿ. ತೆಂಗಿನಕಾಯಿ ಗಾತ್ರದ ಗುಂಡುಕಲ್ಲುಗಳು, ನಡುನಡುವೆ ಮರಳು.

ಪ್ರತಿ ನಾಲಾದಲ್ಲೂ ಲೀಡ್ ಮೊದಲು ನಡೆದು ದಾಟುತ್ತಿದ್ದ. ಕಾಲಿಗೆ ತಾಗಿದ ಕಲ್ಲುಗಳನ್ನು ನೋಡಿಕೊಂಡು, ಆಚೆ ದಡದಲ್ಲಿ ನಿಂತು, ನಾವು ಕಣ್ಣು ನೆಡಬೇಕಾದ ಜಾಗವನ್ನು ಕೈಯಿಂದ ತೋರಿಸುತ್ತಿದ್ದ. ನೀರನ್ನು ನೋಡಿದರೆ ನೀರಿಗೇ ಹೋಗುತ್ತೀರಿ ಎನ್ನುತ್ತಿದ್ದ. ಮೊದಲ ಎರಡನ್ನು ಎರಡನೇ ಗೇರಿನಲ್ಲಿ ಒಂದೇ ಹದದಲ್ಲಿ ದಾಟಿದೆ. ಮೂರನೆಯದರಲ್ಲಿ ಮುಂಚಕ್ರ ಒಂದು ಕಲ್ಲಿಗೆ ಬಡಿದಾಗ ಹಳೆಯ ಅಭ್ಯಾಸ ಎದ್ದುಬಂತು: ಎಕ್ಸಲರೇಟರ್ ಬಿಟ್ಟೆ, ಎಡಗಾಲು ಕೆಳಗಿಟ್ಟೆ, ಕಾಲಡಿಯ ಕಲ್ಲು ಉರುಳಿತು, 199 ಕೆಜಿಯೂ ನಾನೂ ಎಡಕ್ಕೆ ಮಗುಚಿದೆವು. ಮಾಡಿದ ಒಂದೇ ಒಳ್ಳೆಯ ಕೆಲಸವೆಂದರೆ, ಬೀಳುವಾಗಲೇ ಹೆಬ್ಬೆರಳಿನಿಂದ ಎಂಜಿನ್ ನಿಲ್ಲಿಸುವ ಕಿಲ್ ಸ್ವಿಚ್ ಒತ್ತಿದ್ದು. ಎಂಜಿನ್ ಓಡುತ್ತಿದ್ದಾಗ ಸಿಲಿಂಡರಿಗೆ ನೀರು ಎಳೆದುಕೊಂಡರೆ, ಗಾಳಿಯಂತೆ ಅಮುಕಲಾಗದ ನೀರು, ಒಳಗಿನ ಪಿಸ್ಟನ್ನಿಗೆ ಜೋಡಿಸಿದ ಕನೆಕ್ಟಿಂಗ್ ರಾಡನ್ನೇ ಬಗ್ಗಿಸಿಬಿಡುತ್ತದೆ. ನಾಲ್ವರು ಸೇರಿ ಗಾಡಿಯನ್ನು ದಡಕ್ಕೆ ಎಳೆದರು. ಮೆಕ್ಯಾನಿಕ್ ಏರ್ ಫಿಲ್ಟರ್ ಹಿಂಡಿ ಒಣಗಿಸಿ, ಸ್ಪಾರ್ಕ್ ಪ್ಲಗ್ ಬಿಚ್ಚಿ ಸೆಲ್ಫ್ ಹೊಡೆದಾಗ ಪ್ಲಗ್ಗಿನ ತೂತಿನಿಂದ ನೀರು ಕಾರಂಜಿಯಂತೆ ಚಿಮ್ಮಿತು. ನಲವತ್ತು ನಿಮಿಷದಲ್ಲಿ ಎಂಜಿನ್ ಓಡತೊಡಗಿತು. ನನ್ನ ಬೂಟಿನೊಳಗಿನ ನೀರು ಮಾತ್ರ ಮನಾಲಿಯವರೆಗೂ ಬಂತು. ಇನ್ನೊಂದು ಜೊತೆ ಕಾಲುಚೀಲ ಬ್ಯಾಗಿನ ತಳದಲ್ಲಿತ್ತು, ಮೇಲೆ ಇಟ್ಟುಕೊಳ್ಳಬೇಕಿತ್ತು.

ಆ ನಲವತ್ತು ನಿಮಿಷದ ಬೆಲೆಯನ್ನು ಕೊನೆಯ ದೊಡ್ಡ ನಾಲಾದಲ್ಲಿ ತೆತ್ತೆವು. ಹನ್ನೊಂದೂವರೆಯ ಬಿಸಿಲಿಗೆ ನೀರು ಆಗಲೇ ಬೂದುಬಣ್ಣ ತಿರುಗಿ, ಒಳಗೆ ಕಲ್ಲುಗಳು ಉರುಳುವ ಸದ್ದು ಕೇಳುತ್ತಿತ್ತು. ಲೀಡ್ ನಡೆದು ನೋಡಿ ಬಂದು, ನನ್ನನ್ನೂ ಇನ್ನಿಬ್ಬರನ್ನೂ ಬೆರಳು ತೋರಿಸಿ ಕರೆದು, “ಭಾಯಿಸಾಬ್, ನೀವು ಮೂವರು ಪಿಕಪ್‌ನಲ್ಲಿ ದಾಟಿ, ಗಾಡಿ ನಾವು ತರುತ್ತೇವೆ” ಎಂದ. ಇಪ್ಪತ್ತು ವರ್ಷದ ಘಾಟಿ ಅನುಭವ ಬಾಯಿಯವರೆಗೆ ಬಂದಿತ್ತು. ಒದ್ದೆ ಬೂಟನ್ನು ನೋಡಿಕೊಂಡು ಸುಮ್ಮನೆ ಪಿಕಪ್ ಹತ್ತಿದೆ. ಅವನೂ ಸ್ವೀಪ್ ಸವಾರನೂ ನಮ್ಮ ಮೂರು ಗಾಡಿಗಳನ್ನು ಒಂದೊಂದಾಗಿ ದಾಟಿಸಿದರು, ಕೆಳಪಕ್ಕದಲ್ಲಿ ಮೆಕ್ಯಾನಿಕ್ ಹಗ್ಗ ಹಿಡಿದು ನಿಂತಿದ್ದ. ಭಾವಮೈದ ತನ್ನ ಹಗುರ ಗಾಡಿಯಲ್ಲಿ ನಿಂತುಕೊಂಡೇ ದಾಟಿದ. ದಾಟಿದವನು ನನ್ನ ಕಡೆ ನೋಡಲಿಲ್ಲ, ಅದು ಅವನ ದೊಡ್ಡ ಗುಣ.

ಗ್ರಾಂಫೂನಲ್ಲಿ ಡಾಂಬರು ಸಿಕ್ಕಿದೊಡನೆ ಟಯರಿಗೆ ಮತ್ತೆ ಗಾಳಿ ತುಂಬಿಸಿಕೊಂಡು, 2020ರಲ್ಲಿ ತೆರೆದ ಒಂಬತ್ತು ಕಿಲೋಮೀಟರಿನ ಅಟಲ್ ಸುರಂಗವನ್ನು ಹಾದು ಸಂಜೆಗೆ ಮನಾಲಿ ಸೇರಿದೆವು. ಗಾಡಿಗಳನ್ನು ಒಪ್ಪಿಸುವಾಗ ಬಗ್ಗಿದ ಕ್ಲಚ್ ಲಿವರ್, ಒಡೆದ ಎಡ ಇಂಡಿಕೇಟರ್, ಗೀರುಬಿದ್ದ ಟ್ಯಾಂಕ್ ಗಾರ್ಡ್ ಎಂದು ನನ್ನ ಠೇವಣಿಯಿಂದ 1,800 ರೂಪಾಯಿ ಮುರಿದುಕೊಂಡರು. ಭಾವಮೈದನದು ಪೂರ್ತಿ ಮರಳಿತು. ಆ ರಾತ್ರಿಯ ಊಟದ ಬಿಲ್ಲನ್ನು ಅವನ ಕೈಯಲ್ಲೇ ಕೊಡಿಸಿದೆ.